ಕೈಗೆ ಸುಲಭವಾಗಿ ಸಿಕ್ಕುವದೆಲ್ಲಾ ನಮ್ಮದೋ?

ಕದಿಯುವದು ಪಾಪವೆಂದು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದದೆ. ನೆರೆಯವನ ಹೊಲದ ತೆನೆಯನ್ನು ರಾತ್ರಿಯಲ್ಲಿ ಕೊಯ್ದವನು ಕಳ್ಳನೆಂಬದರಲ್ಲಿ ಯಾರಿಗೂ ಸಂಶಯವಿಲ್ಲ. ಯಾಕಂದರೆ ಆ ತೆನೆಗೆ ಒಡೆಯನುಂಟು, ಬಿತ್ತಿದವನೂ ಕಾದವನೂ ಅವನೇ. ಆದರೆ ಯಾರೂ ಬಿತ್ತದೆ ಯಾರೂ ಕಾಯದೆ ಇರುವ ವಸ್ತುಗಳು ಲೋಕದಲ್ಲಿ ಬಹಳ ಇವೆ. ಕಾಡಿನ ಜೇನಿಗೂ ಹೊಳೆಯ ಮೀನಿಗೂ ಒಡೆಯನು ಯಾರು? ಮುಂಗಾರಿನ ಮೊದಲ ಮಳೆಗೆ ಮಲೆನಾಡಿನ ಹಳ್ಳಗಳಿಂದ ಗದ್ದೆಗಳಿಗೆ ಏರಿಬರುವ ಹತ್ತುಮೀನನ್ನು ಕತ್ತಿಯಿಂದ ಕಡಿದೂ ಬುಟ್ಟಿಯಿಂದ ಬಾಚಿಯೂ ತರುವವನನ್ನು ಕುರಿತು, ಇದು ಸರಿಯೋ ಎಂದು ಕೇಳಿದರೆ, "ದೇವರು ಕೊಟ್ಟದ್ದು, ಸುಲಭವಾಗಿ ಸಿಕ್ಕಿತು, ತಕ್ಕೊಂಡೆವು, ಇದರಲ್ಲಿ ತಪ್ಪೇನು?" ಎಂದು ಉತ್ತರ ಕೊಡುವನು. ಈ ಉತ್ತರವು ನ್ಯಾಯವಾದದ್ದೋ ಅಲ್ಲವೋ ಎಂಬದನ್ನು ಈಗ ವಿಚಾರಿಸೋಣ.

ಸ್ವಂತ ಊರಿನ ಮಾತಾದರೆ ಮನಸ್ಸು ಪಕ್ಷಪಾತ ಮಾಡುತ್ತದೆ. ಆದಕಾರಣ ದೂರದ ಒಂದು ನೀರನ್ನು ದೃಷ್ಟಾಂತವಾಗಿ ತಕ್ಕೊಳ್ಳುತ್ತೇವೆ. ಅಲ್ಲಿ ನಡೆದದ್ದನ್ನು ಜನರು ಅಳೆದು ತೂಗಿ ಲೆಕ್ಕ ಬರೆದಿಟ್ಟಿರುವದರಿಂದ ನಮಗೆ ನ್ಯಾಯವನ್ನು ತೀರ್ಮಾನಿಸುವದು ಸುಲಭವಾಗುವದು. ಉತ್ತರ ಅಮೇರಿಕ ಖಂಡದಲ್ಲಿ, ಅಮೇರಿಕದ ಸಂಯುಕ್ತ ಸಂಸ್ಥಾನಗಳಿಗೂ ಕೆನಡಾ ದೇಶಕ್ಕೂ ನಡುವೆ, ಸುಪೀರಿಯರ್ ಎಂಬ ಮಹಾ ಸರೋವರವುಂಟು. ಅದರ ವಿಸ್ತಾರವು ಸುಮಾರು 82,000 ಚದರ ಕಿಲೋಮೀಟರು. ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅತ್ಯಂತ ಆಳವಾದ ಸ್ಥಳದಲ್ಲಿ 406 ಮೀಟರು. ಕಣ್ಣಿಗೆ ಸಮುದ್ರದಂತೆ ಕಂಡರೂ ನೀರು ಸಿಹಿಯಾದದ್ದು, ಮತ್ತು ಬೇಸಿಗೆಯಲ್ಲಿಯೂ ಕೈಯಿಟ್ಟರೆ ಮರಗಟ್ಟುವಷ್ಟು ತಣ್ಣಗಾದದ್ದು. ಚಳಿಗಾಲದಲ್ಲಿ ಅದರ ಕೊಲ್ಲಿಗಳೂ ಅಂಚುಗಳೂ ಹೆಪ್ಪುಗಟ್ಟಿ ಕಲ್ಲಿನಂತಾಗುವವು.

ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ದೇಶಕ್ಕೆ ವಸಂತಕಾಲ ಬರುತ್ತದೆ. ಮಂಜುಗಡ್ಡೆ ಒಡೆಯುತ್ತದೆ, ಕಾಡಿನ ಹಿಮವು ಕರಗಿ ಹೊಳೆಗಳು ಕೆಂಚು ನೀರಿನಿಂದ ತುಂಬಿ ಸರೋವರಕ್ಕೆ ಇಳಿಯುತ್ತವೆ. ಆ ಹೊಳೆಯ ನೀರು ಸರೋವರದ ನೀರಿಗಿಂತ ಸ್ವಲ್ಪ ಬೆಚ್ಚಗಿರುವದರಿಂದ ಸ್ಮೆಲ್ಟ್ ಎಂಬ ಸಣ್ಣ ಮೀನುಗಳು ಹಿಂಡುಹಿಂಡಾಗಿ ಹೊಳೆಯ ಬಾಯಿಗೆ ಬರುವವು. ಅವುಗಳನ್ನು ತಿನ್ನುವದಕ್ಕಾಗಿ ಟ್ರೌಟ್ ಮೀನೂ ಸಾಲ್ಮನ್ ಮೀನೂ ಹಿಂದೆಯೇ ಬರುವವು. ಬೇಸಿಗೆಯಲ್ಲಿ ಮೇಲಣ ನೀರು ಕಾದಾಗ ತಂಪನ್ನು ಹುಡುಕಿ ಬಹು ಆಳಕ್ಕೆ ಇಳಿದುಹೋಗುವ ಈ ಮೀನುಗಳು ವಸಂತದಲ್ಲಿ ಮೇಲಿನಿಂದ ಕೆಳಗಿನ ವರೆಗೆ ನೀರೆಲ್ಲಾ ಒಂದೇ ತಂಪಾಗಿರುವದರಿಂದ ದಡದ ಹತ್ತಿರ, ಮೇಲುನೀರಿನಲ್ಲಿಯೇ ತಿರುಗಾಡುವವು. ಆಗ ಬೆಸ್ತರೂ ಊರವರೂ ಚಿಕ್ಕ ದೋಣಿಗಳಲ್ಲಿ ಕೂತು, ಗಾಳಗಳನ್ನು ಹಿಂದೆ ಬಿಟ್ಟು, ಮೆಲ್ಲಗೆ ಸಾಗುತ್ತಾ ಅವುಗಳನ್ನು ಹಿಡಿಯುವರು. ದೋಣಿಯಿಲ್ಲದವನು ದಡದ ಬಂಡೆಯ ಮೇಲೆ ನಿಂತು ಗಾಳವೆಸೆದರೂ ಬರಿಗೈಯಲ್ಲಿ ಹೋಗದಿರಬಹುದು.

ಅದೇ ದಿನಗಳಲ್ಲಿ ವಾಲೈ ಎಂಬ ಮೂರನೆಯ ಜಾತಿಯ ಮೀನು ಹೊಳೆಗಳೊಳಗೆ ಏರುತ್ತದೆ. ಮಬ್ಬು ಬೆಳಕಿನಲ್ಲಿಯೂ ಚೆನ್ನಾಗಿ ಕಾಣುವ ದೊಡ್ಡ ಹೊಳೆಯುವ ಕಣ್ಣು ಅದಕ್ಕುಂಟು. ಅದರ ಮಾಂಸವು ಬಹು ರುಚಿಯೆಂದು ಆ ದೇಶದವರು ಹೇಳುತ್ತಾರೆ. ಡುಲೂತ್ ಪಟ್ಟಣದ ಬಳಿಯಲ್ಲಿ ಸರೋವರಕ್ಕೆ ಸೇರುವ ಸೇಂಟ್ ಲೂಯಿಸ್ ಹೊಳೆಯಲ್ಲಿ ಇವು ವಸಂತದಲ್ಲಿ ಗುಂಪಾಗಿ ಕೂಡುವವು. ಯಾಕೆ ಕೂಡುತ್ತವೆ? ಕಲ್ಲುಹರಳುಗಳ ಮೇಲೆ ಮೊಟ್ಟೆಯಿಡುವದಕ್ಕೆ. ಆಗ ಅವು ಇಕ್ಕಟ್ಟಾದ ಸ್ಥಳದಲ್ಲಿ ತೆಳುನೀರಿನಲ್ಲಿ ಒತ್ತೊತ್ತಾಗಿ ಇರುವದರಿಂದ ಅವುಗಳನ್ನು ಬಾಚುವದು ಮಕ್ಕಳಿಗೂ ಸಾಧ್ಯ. ಆದರೆ ಮಿನಿಸೋಟ ಸಂಸ್ಥಾನದ ನಿಯಮವು ಮೇ ತಿಂಗಳ ನಡುವಿನ ತನಕ ವಾಲೈ ಮೀನನ್ನು ಹಿಡಿಯಕೂಡದೆಂದು ತಡೆಯುತ್ತದೆ. ಸರೋವರದ ದೊಡ್ಡ ಟ್ರೌಟಿಗಾದರೋ ವಸಂತದಲ್ಲಿ ತಡೆಯಿಲ್ಲ. ಅದು ಮೊಟ್ಟೆಯಿಡುವದು ಶರತ್ಕಾಲದಲ್ಲಿ. ಆದಕಾರಣ ಅದಕ್ಕೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ತಡೆಯಾಗುತ್ತದೆ.

ವಾಚಕರೇ, ಇಲ್ಲಿ ಸ್ವಲ್ಪ ನಿಂತು ನೋಡಿರಿ. ಒಂದೇ ನೀರು, ಒಂದೇ ವಾರ, ಒಬ್ಬನದೇ ಗಾಳ. ಟ್ರೌಟ್ ಸುಲಭವಾಗಿ ಸಿಕ್ಕುತ್ತದೆ. ವಾಲೈಯೂ ಸುಲಭವಾಗಿ ಸಿಕ್ಕುತ್ತದೆ. ಮೊದಲನೆಯದನ್ನು ಸ್ತೋತ್ರಮಾಡಿ ಮನೆಗೆ ತರಬಹುದು, ಎರಡನೆಯದನ್ನು ಬಿಡಬೇಕು. ಭೇದವೆಲ್ಲಿ? ಅವು ಸಿಕ್ಕುವ ಕಾರಣದಲ್ಲಿದೆ. ಟ್ರೌಟ್ ನಮ್ಮ ಹತ್ತಿರಕ್ಕೆ ಬಂದದ್ದು ನೀರಿನ ತಂಪಿನಿಂದಲೂ ಅದರ ಹಸಿವೆಯಿಂದಲೂ. ವಾಲೈ ಬಂದದ್ದು ತನ್ನ ಸಂತಾನಕ್ಕಾಗಿ. ಅದರ ತಾಯಿತನವೇ ಅದನ್ನು ನಮ್ಮ ಕೈಗೆ ಒಪ್ಪಿಸಿತು.

ಈ ಭೇದವನ್ನು ಆ ದೇಶದ ಪಂಡಿತರು ಮೊದಲು ಕಂಡುಹಿಡಿದದ್ದಲ್ಲ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ದಾರಿಯಲ್ಲಿ ಹಕ್ಕಿಯ ಗೂಡನ್ನು ಕಂಡವನು ಮರಿಗಳನ್ನು ತಕ್ಕೊಳ್ಳಬಹುದಾದರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂದು ದೇವರು ಇಸ್ರಾಯೇಲ್ಯರಿಗೆ ಆಜ್ಞೆ ಕೊಟ್ಟನು. ಹಾರಾಡುವ ಹಕ್ಕಿಯನ್ನು ಯಾರು ಬರಿಗೈಯಿಂದ ಹಿಡಿದಾರು? ಗೂಡಿನ ಮೇಲೆ ಕೂತ ಹಕ್ಕಿಯಾದರೋ ಮರಿಗಳ ಮೇಲಣ ಪ್ರೀತಿಯಿಂದ ಕಟ್ಟಲ್ಪಟ್ಟು ಓಡಿಹೋಗದೆ ಇರುತ್ತದೆ. ಆ ಪ್ರೀತಿಯನ್ನು ಬಲೆಯಾಗಿ ಮಾಡಿಕೊಳ್ಳಬಾರದೆಂಬದೇ ಆ ಆಜ್ಞೆಯ ತಾತ್ಪರ್ಯವೆಂದು ನಮಗೆ ತೋರುತ್ತದೆ. ಇಷ್ಟು ಚಿಕ್ಕ ಆಜ್ಞೆಗೆ ಸುಖವನ್ನೂ ದೀರ್ಘಾಯುಷ್ಯವನ್ನೂ ದೇವರು ವಾಗ್ದಾನ ಮಾಡಿರುವದನ್ನು ಗಮನಿಸಿರಿ.

ಆದರೂ ಮನುಷ್ಯನ ಹೃದಯವು ಆಕ್ಷೇಪಣೆಗಳಲ್ಲಿ ಬಡತನವಿಲ್ಲದ್ದು. "ನಾನು ಬಿಟ್ಟರೆ ಮತ್ತೊಬ್ಬನು ಹಿಡಿಯುವನು" ಎಂಬದು ಮೊದಲನೆಯದು. ಈ ಮಾತಿನ ಫಲವೇನಾಯಿತೆಂಬದಕ್ಕೆ ಸುಪೀರಿಯರ್ ಸರೋವರವೇ ಸಾಕ್ಷಿ. ಆ ದೊಡ್ಡ ಟ್ರೌಟ್ ಮೆಲ್ಲಗೆ ಬೆಳೆಯುವ ಮೀನು. ಅನೇಕ ವರುಷಗಳು ಕಳೆಯದೆ ಮೊಟ್ಟೆಯಿಡದು. ಬಲೆಗೆ ಬೀಳುವ ಮೀನು ಕಡಿಮೆಯಾದಾಗ ಜನರು ಬಲೆಯನ್ನು ಕಡಿಮೆಮಾಡಲಿಲ್ಲ, ಹೆಚ್ಚಿಸಿದರು. ಅಷ್ಟರಲ್ಲಿ ಮತ್ತೊಂದು ಕೇಡು ಒಳಗೆ ಬಂತು. ಹಡಗುಗಳ ವ್ಯಾಪಾರಕ್ಕಾಗಿ ನಯಾಗರ ಜಲಪಾತದ ಬದಿಯಲ್ಲಿ ತೋಡಿದ ಕಾಲುವೆಯ ದಾರಿಯಿಂದ ಲ್ಯಾಂಪ್ರೆ ಎಂಬ ಹಾವುಮೀನಿನಂಥ ಪ್ರಾಣಿಯು ಮೇಲಣ ಸರೋವರಗಳಿಗೆ ಏರಿತು. 1938ರಲ್ಲಿ ಸುಪೀರಿಯರಿನಲ್ಲಿ ಕಾಣಿಸಿತು. ದವಡೆಯಿಲ್ಲದ ಅದರ ದುಂಡುಬಾಯಿಯ ತುಂಬಾ ಹಲ್ಲುಗಳು. ಮೀನಿಗೆ ಅಂಟಿಕೊಂಡು ರಕ್ತ ಹೀರುವದೇ ಅದರ ಜೀವನ. ಅದು ಬರುವದಕ್ಕೆ ಮುಂಚೆ ಮೇಲಣ ಮೂರು ಮಹಾ ಸರೋವರಗಳಿಂದ ವರುಷಕ್ಕೆ ಸುಮಾರು 1 ಕೋಟಿ 50 ಲಕ್ಷ ಪೌಂಡು ಟ್ರೌಟ್ ಸಿಕ್ಕುತ್ತಿತ್ತು. 1960ರ ನಂತರದ ಮೊದಲ ವರುಷಗಳಲ್ಲಿ ಅದು ಸುಮಾರು 3 ಲಕ್ಷ ಪೌಂಡಿಗೆ ಇಳಿಯಿತು. ಐವತ್ತರಲ್ಲಿ ಒಂದು ಪಾಲು ಉಳಿಯಿತು. ಬಲೆಯಿಂದ ಬಲಹೀನವಾದದ್ದನ್ನು ಶತ್ರುವು ನುಂಗಿಬಿಟ್ಟನು.

ಕೆಟ್ಟದ್ದನ್ನು ಸರಿಮಾಡುವದಕ್ಕೆ ಎಷ್ಟು ಕಾಲ ಹಿಡಿಯಿತೆಂಬದನ್ನೂ ಕೇಳಿರಿ. 1955ರಲ್ಲಿ ಎರಡು ದೇಶಗಳವರೂ ಕೂಡಿ ಮಹಾ ಸರೋವರಗಳ ಮೀನುಗಾರಿಕೆಗೋಸ್ಕರ ಒಂದು ಆಯೋಗವನ್ನು ಸ್ಥಾಪಿಸಿದರು. ಸುಮಾರು 6,000 ರಾಸಾಯನಿಕ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಲ್ಯಾಂಪ್ರೆಯ ಮರಿಗಳನ್ನು ಕೊಂದು ಮಿಕ್ಕ ಮೀನುಗಳನ್ನು ಬಹುಮಟ್ಟಿಗೆ ಉಳಿಸುವ ಒಂದನ್ನು ಕಂಡುಕೊಂಡು 1958ರಿಂದ ಹೊಳೆಗಳಲ್ಲಿ ಹಾಕುತ್ತಾ ಬಂದರು. ಹಿಡಿಯುವದಕ್ಕೆ ಮಿತಿಯಿಟ್ಟರು, ಮರಿಗಳನ್ನು ಸಾಕಿ ಬಿಟ್ಟರು. ಸುಪೀರಿಯರ್ ಸರೋವರದ ಬಹು ಭಾಗದಲ್ಲಿ ಟ್ರೌಟ್ ಮೊದಲಿನಂತಾಯಿತೆಂದು ಹೇಳುವದಕ್ಕೆ 2024ನೆಯ ವರುಷ ಬರಬೇಕಾಯಿತು. ಅಷ್ಟಾದರೂ ಕಾವಲು ಮುಗಿಯಲಿಲ್ಲ. 2020, 2021ರಲ್ಲಿ ವ್ಯಾಧಿಯ ದೆಸೆಯಿಂದ ಈ ಕೆಲಸವು ಕುಂದಿದಾಗ ಲ್ಯಾಂಪ್ರೆಯು ತಿರಿಗಿ ಹೆಚ್ಚಿತು. ನಾನು ಬಿಟ್ಟರೆ ಮತ್ತೊಬ್ಬನು ಹಿಡಿಯುವನೆಂದು ಒಂದು ತಲೆಮಾರು ಹೇಳಿತು. ಮಕ್ಕಳೂ ಮೊಮ್ಮಕ್ಕಳೂ ಅದರ ಸಾಲವನ್ನು ತೀರಿಸಿದರು.

ಎರಡನೆಯ ಆಕ್ಷೇಪಣೆಯು ಇನ್ನೂ ಭಾರವಾದದ್ದು. ಅದೇನಂದರೆ, "ಹೊಟ್ಟೆ ತುಂಬಿದವನಿಗೆ ಈ ಧರ್ಮವೆಲ್ಲಾ ಚಂದ; ಹಸಿದವನು ಏನು ಮಾಡಬೇಕು?" ಇದನ್ನು ನಾವು ಹಗುರವಾಗಿ ತಳ್ಳಿಬಿಡುವದಿಲ್ಲ. ತಿಂಗಳ ಸಂಬಳವುಳ್ಳವನು ಕೂಲಿಯವನಿಗೆ ಸಂಯಮವನ್ನು ಬೋಧಿಸುವದು ಸುಲಭ. ಆದರೆ ಅದೇ ಮಿನಿಸೋಟ ಸಂಸ್ಥಾನದಲ್ಲಿ, ಸುಪೀರಿಯರಿಗೆ ಪಶ್ಚಿಮವಾಗಿ, ರೆಡ್ ಲೇಕ್ ಎಂಬ ಕೆರೆಯುಂಟು. ಅದರ ಬಹು ಭಾಗವು ಒಜಿಬ್ವೆ ಎಂಬ ಮೂಲನಿವಾಸಿ ಜನರ ಸ್ವಂತ ನೀರು. ವಾಲೈ ಮೀನನ್ನು ಹಿಡಿದು ಮಾರುವದೇ ಅವರಲ್ಲಿ ಅನೇಕ ಕುಟುಂಬಗಳ ಜೀವನವಾಗಿತ್ತು. ಮಿತಿಮೀರಿ ಹಿಡಿದದ್ದರಿಂದ 1990ರ ನಂತರ ಆ ಮೀನು ಹೆಚ್ಚುಕಡಿಮೆ ಬರಿದಾಯಿತು. ಆಗ ಆ ಜನರು 1997ರಲ್ಲಿ ತಮ್ಮ ಮಾರಾಟದ ಬಲೆಗಳನ್ನು ತಾವೇ ಎತ್ತಿ ಕಟ್ಟಿಟ್ಟರು. 1999ರಲ್ಲಿ ಸಂಸ್ಥಾನದವರೂ ಅವರೂ ಒಪ್ಪಂದ ಮಾಡಿಕೊಂಡು ಇಡೀ ಕೆರೆಯಲ್ಲಿ ವಾಲೈಯನ್ನು ಹಿಡಿಯುವದನ್ನೇ ನಿಲ್ಲಿಸಿದರು. ಕೋಟಿಗಟ್ಟಲೆ ಮರಿಗಳನ್ನು ಬಿಟ್ಟರು. 2006ರಲ್ಲಿ ಕೆರೆಯು ತಿರಿಗಿ ತೆರೆಯಲ್ಪಟ್ಟಿತು. ಅದು ತೆರೆದಾಗ ಮೀನು ತುಂಬಿತ್ತು. ಆದರೆ ಈ ಸಾರಿ ಮಿತಿಯೂ ಇತ್ತು.

ಈ ಜನರು ಐಶ್ವರ್ಯವಂತರಲ್ಲ. ನೀರು ಅವರದು, ಹಕ್ಕು ಅವರದು, ಹಸಿವೆಯೂ ಅವರದು. ಹಾಗಿದ್ದರೂ ಇನ್ನೂ ಹುಟ್ಟದ ಮಕ್ಕಳಿಗೋಸ್ಕರ ತಮ್ಮ ಹಕ್ಕನ್ನು ಹಿಡಿದಿಟ್ಟರು. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಏಳನೆಯ ವರುಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ಆಜ್ಞೆಯನ್ನು ಓದುವಾಗ, ಇದು ನಡೆಯುವ ಮಾತೋ ಎಂದು ಸಂಶಯಪಡುವವರು ಆ ಕೆರೆಯನ್ನು ನೆನಸಲಿ. ಹಸಿದವನಿಗೆ ನಮ್ಮ ಉತ್ತರವು ಇದೇ: ಇಂದಿನ ಸಾರಿಗೆ ಎರಡು ಮೀನು ಹಿಡಿದವನನ್ನು ದೇವರು ಕಳ್ಳನೆಂದು ಎಣಿಸುವನೆಂದು ನಾವು ಹೇಳುವದಿಲ್ಲ, ಹಸಿದ ಶಿಷ್ಯರು ತೆನೆ ಕಿತ್ತಾಗ ನಮ್ಮ ಕರ್ತನು ಅವರ ಪಕ್ಷವಾಗಿ ಮಾತಾಡಿದನು. ಆದರೆ ಹಸಿವೆಯ ಹೆಸರಿನಿಂದ ಬುಟ್ಟಿ ತುಂಬಿಸಿ ಸಂತೆಗೆ ಹೊರುವದು ಬೇರೆ. ಅರಣ್ಯದಲ್ಲಿ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟು ಕೂಡಿಸಿಕೊಂಡವರಿಗೆ ಕೊರತೆಯಾಗಲಿಲ್ಲ. ಬೆಳಗಿಗೆ ಉಳಿಸಿಕೊಂಡವರ ಪಾತ್ರೆಯಲ್ಲಿ ಹುಳ ಬಿತ್ತು. ಮತ್ತು ಒಬ್ಬನ ಸಾರಿಗೆ ಮೊಟ್ಟೆಯ ಮೀನೇ ಗತಿಯಾಗುವ ಹಾಗೆ ಸಭೆಯು ಬಿಟ್ಟುಬಿಟ್ಟರೆ, ಆ ಪಾಪದಲ್ಲಿ ಸಭೆಗೂ ಪಾಲುಂಟು.

ಈಗ ನಮ್ಮ ಮನೆಗಳಿಗೆ ಹಿಂತಿರುಗೋಣ. ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರ ವರೆಗೆ ಕಡಲಿಗೆ ಇಳಿಯಬಾರದೆಂಬ ನಿಯಮವು ಇದೇ ನ್ಯಾಯದ ಮೇಲೆ ನಿಂತದೆ. ಹತ್ತುಮೀನೂ ವಾಲೈಯ ಹಾಗೆಯೇ ಮೊಟ್ಟೆಗೋಸ್ಕರ ಏರಿಬರುತ್ತದೆಂಬದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಆದರೆ ಮೀನಿಗಿಂತ ಮನುಷ್ಯನು ಎಷ್ಟೋ ಶ್ರೇಷ್ಠನು. ಬರಗಾಲದಲ್ಲಿ ನೆರೆಯವನು ಹಾಲು ಕೊಡುವ ಹಸುವನ್ನು ಅರ್ಧ ಕ್ರಯಕ್ಕೆ ಕೊಡುವದಕ್ಕೆ ಬರುತ್ತಾನೆ. ಮಗಳ ರೋಗಕ್ಕೆ ಹಣವಿಲ್ಲದೆ ಒಬ್ಬನು ತನ್ನ ಗದ್ದೆಯನ್ನು ನಾವು ಹೇಳಿದ ಬೆಲೆಗೆ ಬರೆದುಕೊಡುತ್ತಾನೆ. ಮಕ್ಕಳ ಹೊಟ್ಟೆಗೋಸ್ಕರ ವಿಧವೆಯು ಯಾವ ಕೂಲಿಗಾದರೂ ಒಪ್ಪುತ್ತಾಳೆ. ನಾವು ಕದಿಯಲಿಲ್ಲ, ಮೋಸಮಾಡಲಿಲ್ಲ. ಪತ್ರವೂ ಸಾಕ್ಷಿಯೂ ಸರಿಯಾಗಿವೆ. ಸುಲಭವಾಗಿ ಸಿಕ್ಕಿತು, ತಕ್ಕೊಂಡೆವು. ಆದರೆ ಯಾಕೆ ಸುಲಭವಾಗಿ ಸಿಕ್ಕಿತು? ಮರಿಗಳ ಪ್ರೀತಿಯು ಆ ತಾಯಿಹಕ್ಕಿಯನ್ನು ಗೂಡಿನ ಮೇಲೆ ಕಟ್ಟಿಹಾಕಿದ ಹಾಗೆ, ಮಕ್ಕಳ ಪ್ರೀತಿಯು ಇವರನ್ನು ನಮ್ಮ ಬಾಗಲಲ್ಲಿ ತಂದು ನಿಲ್ಲಿಸಿತು. ಹಕ್ಕಿಯ ವಿಷಯದಲ್ಲಿ ಆಜ್ಞೆ ಕೊಟ್ಟ ದೇವರು ಇವರ ವಿಷಯದಲ್ಲಿ ನಮ್ಮಿಂದ ಲೆಕ್ಕ ಕೇಳದೆ ಇರುವನೋ?

ಆದದರಿಂದ, ಪ್ರಿಯರೇ, ಯಾವದಾದರೂ ನಮ್ಮ ಕೈಗೆ ಸುಲಭವಾಗಿ ಬಂದಾಗ, ಇದು ಯಾರದು ಎಂದು ಕೇಳುವದರೊಂದಿಗೆ, ಇದು ಯಾಕೆ ಸುಲಭವಾಯಿತು ಎಂದೂ ಕೇಳಿಕೊಳ್ಳೋಣ. ದೇವರ ಕೃಪೆಯಿಂದ ಹತ್ತಿರ ಬಂದದ್ದನ್ನು ಸಂತೋಷದಿಂದ ತಕ್ಕೊಂಡು ಸ್ತೋತ್ರಮಾಡೋಣ. ಮತ್ತೊಂದು ಜೀವದ ಇಕ್ಕಟ್ಟಿನಿಂದ ಹತ್ತಿರ ಬಂದದ್ದಕ್ಕೆ ಕೈ ಚಾಚದೆ ಇರೋಣ. ಹೊಳೆಯ ಬಾಯಿಯಲ್ಲಿ ಬಲೆಯನ್ನು ಮಡಚಿಟ್ಟು ಮನೆಗೆ ಹೋದವನನ್ನು ಯಾರೂ ಕಾಣದಿರಬಹುದು. ನೀರನ್ನೂ ಅದರೊಳಗಿನ ಸಮಸ್ತವನ್ನೂ ಉಂಟುಮಾಡಿದವನು ಕಾಣುತ್ತಾನೆ. ಆತನ ಭಯವೂ ಪ್ರೀತಿಯೂ ನಿಮ್ಮೆಲ್ಲರ ಮನೆಗಳಲ್ಲಿ ನೆಲೆಗೊಂಡಿರಲಿ.