ಕೂಲಿಯೋ, ಬೆಲೆಯೋ

ಹೊಳೆನರಸೀಪುರದ ಒಬ್ಬ ನಿವೃತ್ತ ಮೇಷ್ಟ್ರಿಗೆ ನಾನು ನೂರೈವತ್ತು ರೂಪಾಯಿ ಬಾಕಿ ಇದ್ದೇನೆ. ಅವರು ಈಗಿಲ್ಲ. ಇದ್ದಿದ್ದರೂ ಅದನ್ನು ಬಾಕಿ ಎಂದು ಒಪ್ಪುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

2004ರ ಸುಮಾರು. ಹಾಸನದಲ್ಲಿ ಪದವಿ ಓದುತ್ತ ಸಂಜೆ ಹೊತ್ತು ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿ, ಇವೇ ನಮ್ಮ ಸಾಹಿತ್ಯ. ಭಾನುವಾರ ಬಂತೆಂದರೆ ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ಬಸ್ಸು ಹತ್ತಿ ಮನೆಮನೆಗೆ ಹೋಗಿ ಕಂಪ್ಯೂಟರಿಗೆ 'ಸಾಫ್ಟ್‌ವೇರ್ ಹಾಕಿಕೊಡುವುದು' ನನ್ನ ಉಪಕಸುಬು. ಹೆಗಲಿಗೆ ಸಿ.ಡಿ.ಗಳ ಒಂದು ಚೀಲ. ಅದರಲ್ಲಿ ಬರಹ, ನುಡಿ, ವಿನ್‌ಆಂಪ್, ವಿನ್‌ರಾರ್, ನೂರಾರು ವಾಲ್‌ಪೇಪರು, ಮೀನು ಈಜುವ ಸ್ಕ್ರೀನ್‌ಸೇವರು, ಬಾಲ ಅಲ್ಲಾಡಿಸುವ ಮೌಸ್ ಬಾಣ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬಂದದ್ದು ಕೆಲವು, ಸೈಬರ್ ಸೆಂಟರಿನಲ್ಲಿ ಗಂಟೆಗಟ್ಟಲೆ ಕೂತು ಇಳಿಸಿಕೊಂಡದ್ದು ಕೆಲವು. ಮಕ್ಕಳಿದ್ದ ಮನೆಯಲ್ಲಿ ಮೊದಲ ಬೇಡಿಕೆ ಯಾವಾಗಲೂ ವಾಲ್‌ಪೇಪರಿನದು. ವಿಂಡೋಸ್ ಎಕ್ಸ್‌ಪಿಯ ಆ ಹಸಿರು ಗುಡ್ಡ ಯಾರಿಗೂ ಬೇಡ. ಅದು ಕ್ಯಾಲಿಫೋರ್ನಿಯಾದ್ದು ಎಂದರೆ ಯಾರೂ ನಂಬುತ್ತಲೂ ಇರಲಿಲ್ಲ, ಸಕಲೇಶಪುರದ ಕಡೆಯದು ಅನ್ನುತ್ತಿದ್ದರು. ಸಾಲ ಮಾಡಿ ತಂದ ಯಂತ್ರದ ಮೇಲೆ ತಮ್ಮದೇ ಒಂದು ಚಿತ್ರ ಬಂದು ಕೂತ ಮೇಲಷ್ಟೇ ಅದು ಅವರ ಮನೆಯದಾಗುತ್ತಿತ್ತು.

ಮೇಷ್ಟ್ರಿಗೆ ವಾಲ್‌ಪೇಪರು ಬೇಕಿರಲಿಲ್ಲ, ಕನ್ನಡ ಬೇಕಿತ್ತು. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಹಳ್ಳಿಯ ಬಗ್ಗೆ ಬರೆಯುತ್ತಿದ್ದರು. ಯಾವ ಮನೆ ಎಲ್ಲಿತ್ತು, ಯಾವ ಹೊಲಕ್ಕೆ ಏನು ಹೆಸರಿತ್ತು, ಹೀಗೆ. 'ಬರಹ' ಹಾಕಿಕೊಟ್ಟೆ. ಇಂಗ್ಲಿಷ್ ಕೀಲಿಯಲ್ಲೇ ಕನ್ನಡ ಮೂಡುವ ಬಗೆ ತೋರಿಸಿದೆ. ಸಣ್ಣ ಎನ್ ಒತ್ತಿದರೆ ಅನ್ನ, ದೊಡ್ಡ ಎನ್ ಒತ್ತಿದರೆ ಅಣ್ಣ. ಮಗುವಿನಂತೆ ನಕ್ಕರು. "ಎಷ್ಟಪ್ಪ ಇದರ ಬೆಲೆ?" ಅಂದರು. "ನೂರೈವತ್ತು ಸಾರ್" ಅಂದೆ. ಕೊಟ್ಟರು. ಕಾಫಿಯನ್ನೂ ಕೊಟ್ಟರು.

ತಿಂಗಳ ಮೇಲೆ ಪ್ರಿಂಟರಿನ ತಕರಾರೆಂದು ಮತ್ತೆ ಕರೆಸಿದಾಗ ಮಾತಿನ ನಡುವೆ ಕೇಳಿದರು: "ಅಲ್ಲಪ್ಪ, ಆ ಬರಹ ಪುಕ್ಕಟೆಯಂತಲ್ಲ. ಮಗ ಬೆಂಗಳೂರಿಂದ ಫೋನ್ ಮಾಡಿದ್ದ."

ನಾನು ತಡವರಿಸಿದೆ. "ಬಂದು ಹೋಗೋ ಖರ್ಚು, ನಮ್ಮ ಕೂಲಿ ಸಾರ್..."

"ಕೂಲಿ ಅಂದಿದ್ರೆ ಇನ್ನೂ ಐವತ್ತು ಸೇರಿಸಿ ಕೊಡ್ತಿದ್ದೆ. ನಾನು ಬೆಲೆ ಎಷ್ಟು ಅಂತ ಕೇಳಿದೆ, ನೀನು ಬೆಲೆ ಹೇಳಿದೆ."

ಅಷ್ಟೇ ಅಂದದ್ದು. ಸಿಟ್ಟೇನೂ ಇರಲಿಲ್ಲ. ವ್ಯಾಕರಣದ ತಪ್ಪು ತಿದ್ದಿದ ಹಾಗಿತ್ತು ಆ ಧ್ವನಿ.

ಆವತ್ತು ನನ್ನೊಳಗೆ ನಾನೇ ವಾದ ಹೂಡಿದ್ದೆ. ಯಾರಿಗೆ ನಷ್ಟವಾಯಿತು? ಮೇಷ್ಟ್ರಿಗೆ ಕೆಲಸವಾಯಿತು. ಬರಹ ಮಾಡಿದವರು ಹಣ ಕೇಳಿರಲಿಲ್ಲ, ಹಾಗಾಗಿ ಅವರ ಹಣವನ್ನು ನಾನು ಕದ್ದಂತಾಗಲಿಲ್ಲ. ಲೆಕ್ಕದ ಪ್ರಕಾರ ಎಲ್ಲ ಸರಿ. ಆದರೂ ಎಲ್ಲೋ ಕಳ್ಳತನ ನಡೆದಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕದ್ದದ್ದು ಏನು ಅನ್ನುವುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ನಮ್ಮ ಕಡೆ ಕೊಡುವುದರಲ್ಲಿ ಎರಡು ಜಾತಿ. ಒಂದು ಮುಯ್ಯಿ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಇಂಥವರಿಂದ ಇಷ್ಟು ಎಂದು ಬರೆದಿಡುತ್ತಾರೆ. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನೋ, ಸ್ವಲ್ಪ ಮೇಲೆಯೋ ಹಿಂದಿರುಗಿಸಬೇಕು. ನಾಟಿ, ಕಳೆ, ಕುಯ್ಲಿಗೆ ಮುಯ್ಯಾಳು ಹೋಗುವುದೂ ಇದೇ ಲೆಕ್ಕ. ಇನ್ನೊಂದು ಅರವಟ್ಟಿಗೆ. ಬೇಸಿಗೆಯಲ್ಲಿ ದಾರಿ ಬದಿ ಚಪ್ಪರ ಹಾಕಿ ನೀರು ಮಜ್ಜಿಗೆ ಇಟ್ಟವರು ಕುಡಿದವರ ಹೆಸರು ಬರೆದುಕೊಳ್ಳುವುದಿಲ್ಲ.

ಈ ಚಿಕ್ಕ ತಂತ್ರಾಂಶಗಳು ಯಾವ ಜಾತಿ? ಶುರುವಿನಲ್ಲಿ ಮುಯ್ಯಿಯ ಹಾಗೇ ಇದ್ದವು. 1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲುಗೆಲ್‌ಮನ್ 'ಪಿಸಿ-ಟಾಕ್' ಎಂಬುದನ್ನು ಮಾಡಿ, ನಕಲು ಮಾಡಿ ಹಂಚಿ, ಮೆಚ್ಚುಗೆಯಾದರೆ 25 ಡಾಲರ್ ಕಳಿಸಿ ಎಂದು ಕೇಳಿದ. 'ಫ್ರೀವೇರ್' ಎಂಬ ಹೆಸರಿಟ್ಟವನು ಅವನೇ. ಅದೇ ಕಾಲಕ್ಕೆ ಜಿಮ್ ನಾಫ್ ಎಂಬ ಐಬಿಎಂ ನೌಕರನೂ ತನ್ನ 'ಪಿಸಿ-ಫೈಲ್' ಅನ್ನು ಹೀಗೆಯೇ ಹಂಚಿದ. ಜನ ಎಷ್ಟು ಹಣ ಕಳಿಸಿದರೆಂದರೆ ಕೊನೆಗೆ ಕೆಲಸ ಬಿಟ್ಟು ಅದರಲ್ಲೇ ಬದುಕಿದ. ಕೇಳಿದ್ದು ಬೆಲೆಯಲ್ಲ, ಇಷ್ಟವಿದ್ದರೆ ಎಂಬ ಮುಯ್ಯಿ. ಮುಯ್ಯಿ ಕೇಳುತ್ತ ಕೂತಿರುವವರು ಇವತ್ತೂ ಇದ್ದಾರೆ. ನಲವತ್ತು ದಿನ ನೋಡಿ ಆಮೇಲೆ ಕೊಳ್ಳಿ ಎನ್ನುವ ವಿನ್‌ರಾರ್, ನಲವತ್ತು ದಿನ ಕಳೆದರೂ ಬಾಗಿಲು ಮುಚ್ಚುವುದಿಲ್ಲ, ನೆನಪು ಮಾಡುತ್ತದೆ ಅಷ್ಟೆ. ನನ್ನ ನಲವತ್ತು ದಿನಕ್ಕೆ ಈಗ ಇಪ್ಪತ್ತು ವರ್ಷ ದಾಟಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಕನ್ನಡಕ್ಕೆ ಬಂದದ್ದು ಬಹುಮಟ್ಟಿಗೆ ಅರವಟ್ಟಿಗೆ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡವನ್ನು ಕೂರಿಸಿದ ಕೆ.ಪಿ. ರಾವ್ ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಉಚಿತವಾಗಿ ಕೊಟ್ಟರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ' ಬಿಟ್ಟರು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ಬೆಂಬಲದಲ್ಲಿ 'ನುಡಿ' ರೂಪಿಸಿ ಹಂಚಿತು. ಹಾಸನದ ಬಸ್‌ಸ್ಟ್ಯಾಂಡ್ ಸುತ್ತಲಿನ ಎಷ್ಟು ಡಿಟಿಪಿ ಅಂಗಡಿಗಳು ಇವುಗಳ ಮೇಲೆ ಸಂಸಾರ ಸಾಗಿಸಿದವೋ ಲೆಕ್ಕವಿಟ್ಟವರಿಲ್ಲ. ನಮ್ಮಂಗಡಿಯಂತೂ ಸಾಗಿಸಿತು. ಆದರೆ ಈ ಹೆಸರುಗಳಲ್ಲಿ ಒಂದನ್ನೂ ನಾನು ಒಬ್ಬ ಗಿರಾಕಿಗೂ ಹೇಳಿದವನಲ್ಲ. ಹೇಳಿದ್ದರೆ ನೂರೈವತ್ತು ಕೇಳಲು ನಾಲಿಗೆ ಹೊರಳುತ್ತಿರಲಿಲ್ಲ. ನಾನು ಕದ್ದದ್ದು ಅದನ್ನೇ. ಅರವಟ್ಟಿಗೆಯ ಮಜ್ಜಿಗೆಯನ್ನು ಬಿಂದಿಗೆಯಲ್ಲಿ ತುಂಬಿ ತಂದು, ನಮ್ಮ ಮನೆಯ ಹಸುವಿನದು ಎಂದು ಮಾರಿದ್ದೆ. ಹೊತ್ತು ತಂದ ಕೂಲಿ ನನ್ನದು, ಅದರಲ್ಲಿ ಅನುಮಾನವಿಲ್ಲ. ಮಜ್ಜಿಗೆ ನನ್ನದಲ್ಲ.

ಹಲ್ಮಿಡಿ ನಮ್ಮ ಜಿಲ್ಲೆಯದೇ, ಬೇಲೂರು ತಾಲ್ಲೂಕು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದಾದ ಅದೂ ಒಂದು ದಾನದ ದಾಖಲೆ. ಪಡೆದವನು ಯಾರು, ಯಾತಕ್ಕಾಗಿ, ಎಲ್ಲ ಬರೆದಿದೆ. ಕೆಡಿಸಿದವನಿಗೆ ಮಹಾಪಾತಕ ಎಂಬ ಶಾಪವೂ ಇದೆ. ತಂತ್ರಾಂಶ ಹಾಕುವಾಗ ಬರುವ ಆ ಉದ್ದದ ಷರತ್ತಿನ ಪುಟವನ್ನು ಓದದೆ 'ಒಪ್ಪಿದೆ' ಒತ್ತುವಾಗೆಲ್ಲ ನನಗೆ ಈ ಶಾಪಾಶಯ ನೆನಪಾಗುತ್ತದೆ. ಕಲ್ಲನ್ನು ಓದದೆ ದಾಟಿ ಹೋದವರು ಆಗಲೂ ಇದ್ದಿರಬೇಕು.

ಪುಕ್ಕಟೆಯ ಹೆಸರಲ್ಲಿ ಬೇರೆ ವ್ಯಾಪಾರವೂ ನಡೆಯುತ್ತಿತ್ತು ಅನ್ನಿ. ಮೌಸಿನ ಬಾಣವನ್ನು ಚಿತ್ರವಾಗಿಸುತ್ತಿದ್ದ 'ಕಾಮೆಟ್ ಕರ್ಸರ್' ಬಳಕೆದಾರರು ಯಾವ ತಾಣಕ್ಕೆ ಹೋಗುತ್ತಾರೆಂದು ಸದ್ದಿಲ್ಲದೆ ವರದಿ ಒಪ್ಪಿಸುತ್ತದೆ ಎಂಬುದು 1999ರಲ್ಲೇ ಬಯಲಾಗಿತ್ತು. ಅಂಥ ಬಾಣಗಳನ್ನೂ ನಾನು ಹತ್ತಾರು ಮನೆಗೆ ಹಂಚಿದ್ದೇನೆ, ಮಕ್ಕಳ ಖುಷಿಗೆ. ಅದು ಅರವಟ್ಟಿಗೆಯಲ್ಲ. ಕುಡಿಯಲು ಬಗ್ಗಿದವನ ಜೇಬು ತಡಕುವ ಕೆಲಸ. ಎರಡಕ್ಕೂ ಒಂದೇ ಪದ ಬಳಸುತ್ತೇವಲ್ಲ, ಅಲ್ಲೇ ಅರ್ಧ ಮೋಸ.

ಮುಂದೆ 'ಬರಹ'ದ ಹೊಸ ಆವೃತ್ತಿಗಳಿಗೆ ಬೆಲೆ ಬಂತು. ನಮ್ಮ ಅಂಗಡಿಯಲ್ಲಿ ಇದು ದೊಡ್ಡ ದ್ರೋಹದಂತೆ ಚರ್ಚೆಯಾಯಿತು. "ಅಭ್ಯಾಸ ಮಾಡಿಸಿ ಈಗ ದುಡ್ಡು ಕೇಳ್ತಾರೆ" ಅಂದರು ಯಜಮಾನರು. ನಾನೂ ತಲೆಯಾಡಿಸಿದೆ. ಅಷ್ಟು ವರ್ಷ ಅದೇ ವಸ್ತುವಿಗೆ ಬೆಲೆ ವಸೂಲು ಮಾಡಿದವರು ನಾವು! ಚಪ್ಪರ ಹಾಕಿದವನಿಗೆ ಅದನ್ನು ಬಿಚ್ಚುವ ಹಕ್ಕಿಲ್ಲವೇ? ಇದೆ ಎಂದೇ ನನ್ನ ಈಗಿನ ಉತ್ತರ. ಆದರೆ ನೀರಿನ ಮಾತು ಬೇರೆ, ಅಕ್ಷರದ ಮಾತು ಬೇರೆ. ಕುಡಿದ ನೀರು ಕುಡಿದಲ್ಲಿಗೆ ಮುಗಿಯಿತು. ಬರೆದದ್ದು ಹಾಗಲ್ಲ, ಬರೆಸಿದ ಸಾಧನದ ಗುರುತನ್ನು ಹೊತ್ತುಕೊಂಡೇ ಉಳಿಯುತ್ತದೆ.

ಇದು ನನಗೆ ಅರಿವಾದದ್ದು ಮೇಷ್ಟ್ರ ಮಗನಿಂದ. ಅಪ್ಪ ತೀರಿಕೊಂಡ ಮೇಲೆ ಹಳೆಯ ಕಂಪ್ಯೂಟರಿನಲ್ಲಿ ಆ ಹಳ್ಳಿಯ ಕಡತ ಸಿಕ್ಕಿತಂತೆ. ಹೇಗೋ ನನ್ನ ನಂಬರು ಹುಡುಕಿ ಕಳಿಸಿದರು. "ನೀವೇ ಹಾಕಿಕೊಟ್ಟಿದ್ದಂತೆ, ಏನೂ ಓದಕ್ಕಾಗ್ತಿಲ್ಲ ಸಾರ್" ಎಂದರು. ತೆರೆದು ನೋಡಿದರೆ ಪುಟಗಟ್ಟಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ. ಯುನಿಕೋಡ್ ಅಲ್ಲದ ಹಳೆಯ ಫಾಂಟು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ಗೊತ್ತಿಲ್ಲ. 2004ರ ಹೊತ್ತಿಗೆ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟು ಇತ್ತು. ನಾನು ಮೇಷ್ಟ್ರಿಗೆ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ನನಗೆ ಗೊತ್ತಿದ್ದ ದಾರಿ, ಮುದ್ರಣಕ್ಕೆ ಅನುಕೂಲವಾದ ದಾರಿ, ಹಳೆಯ ಫಾಂಟಿನದು. ಬೆಲೆ ಪಡೆದವನಾಗಿದ್ದರೆ ವಸ್ತುವಿಗೆ ನಾನು ಜವಾಬ್ದಾರ. ಕೂಲಿ ಪಡೆದವನಾಗಿದ್ದರೆ ಕೆಲಸಕ್ಕೆ ಜವಾಬ್ದಾರ. ಎರಡರಲ್ಲೂ ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ.

ಯುನಿಕೋಡಿಗೆ ಪರಿವರ್ತಿಸುವ ಒಂದು ಚಿಕ್ಕ ತಂತ್ರಾಂಶ ಸಿಕ್ಕಿತು. ಅದೂ ಪುಕ್ಕಟೆ. ಮಾಡಿದವರ ಹೆಸರನ್ನು ಈ ಸಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಬಹುಪಾಲು ಸರಿಯಾಗಿಯೇ ಬಂತು, ಅರ್ಕಾವತ್ತುಗಳು ಮಾತ್ರ ಅಲ್ಲಲ್ಲಿ ಎಡವಿದ್ದವು. ಊರವರ ಹೆಸರು, ವರ್ಷ, ಕಾರ್ತೀಕದ ಜಾತ್ರೆ, ಎಲ್ಲ ಕಡೆ ರೇಫ ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿತ್ತು. ನಾಲ್ಕು ರಾತ್ರಿ ಕೂತು ತಿದ್ದಿದೆ. ಹೊಲಗಳ ಹೆಸರಿನಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ಎಷ್ಟೋ ಕಡೆ ತಿಳಿಯಲಿಲ್ಲ. ಹಾಗೇ ಬಿಟ್ಟು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ.

ಕಳಿಸಿದ ಮೇಲೆ ಮಗ ಫೋನ್ ಮಾಡಿ, "ಎಷ್ಟಾಯ್ತು ಸಾರ್?" ಅಂದರು.

"ತಂತ್ರಾಂಶ ಪುಕ್ಕಟೆ. ಕೂಲಿ ನೂರೈವತ್ತು, ಅದನ್ನ ನಿಮ್ಮಪ್ಪ ಆಗಲೇ ಕೊಟ್ಟಿದ್ದಾರೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಚೀಟಿ ನೋಡಿಕೊಂಡು ಆ ತಂತ್ರಾಂಶ ಮಾಡಿದವರ ಹೆಸರು ಹೇಳಿದೆ. "ಒಂದು ನಿಮಿಷ ಸಾರ್, ಪೆನ್ನು ತಗೋತೀನಿ" ಅಂದರು.