ಲಾಂಛನದ ಋಣ

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಒಂದು ಪುಟ ತಪ್ಪದೇ ಇರುತ್ತದೆ. ರಾಜ್ಯಪ್ರಾಣಿ ಆನೆ, ರಾಜ್ಯಪಕ್ಷಿ ನೀಲಕಂಠ, ರಾಜ್ಯವೃಕ್ಷ ಶ್ರೀಗಂಧ, ರಾಜ್ಯಪುಷ್ಪ ಕಮಲ, ಲಾಂಛನ ಗಂಡಭೇರುಂಡ. ಒಂದೊಂದಕ್ಕೆ ಒಂದೊಂದು ಅಂಕ. ಉರು ಹೊಡೆದವರಿಗೆ ಸುಲಭ, ಮರೆತವರಿಗೆ ನಷ್ಟ. ಆ ಪುಟವನ್ನು ನೋಡಿದಾಗಲೆಲ್ಲ ನನಗೆ ಗೈಡಿನಲ್ಲಿ ಇಲ್ಲದ ಇನ್ನೊಂದು ಪ್ರಶ್ನೆ ಕಾಡುತ್ತದೆ. ನಾವು ಒಂದು ಜೀವವನ್ನೋ ಒಂದು ಹೆಸರನ್ನೋ ಆರಿಸಿಕೊಂಡು 'ಇದೇ ನಾವು' ಎಂದು ಲೋಕಕ್ಕೆ ಹೇಳಿದೆವಲ್ಲ, ಹಾಗೆ ಹೇಳಿದ ಮೇಲೆ ನಮ್ಮ ಮೇಲೆ ಏನಾದರೂ ಹೊಣೆ ಬೀಳುತ್ತದೆಯೇ? ಅಥವಾ ಅದು ಮದುವೆ ಚಪ್ಪರಕ್ಕೆ ಕಟ್ಟಿದ ಮಾವಿನ ತೋರಣವೇ, ಬಾಡುವವರೆಗೆ ಚೆಂದ, ಆಮೇಲೆ ಕೇಳುವವರಿಲ್ಲವೇ?

ಮೊದಲು ಹೆಸರಿನ ವಿಚಾರ. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಸೀಮೆಗಳು ಒಂದಾದಾಗ ಆ ರಾಜ್ಯಕ್ಕೆ ಉಳಿದದ್ದು ಮೈಸೂರು ಎಂಬ ಹೆಸರೇ. ಧಾರವಾಡದವರು, ಕಲಬುರಗಿಯವರು, ಮಂಗಳೂರಿನವರು ಎಲ್ಲರೂ ಕಾಗದದ ಮೇಲೆ ಮೈಸೂರಿನವರಾದರು. ಏಕೀಕರಣಕ್ಕಾಗಿ ಮೊದಲು ದನಿಯೆತ್ತಿದವರಲ್ಲಿ ಹಲವರು ಉತ್ತರದವರು. 'ಕರ್ನಾಟಕ ಗತವೈಭವ' ಬರೆದ ಆಲೂರು ವೆಂಕಟರಾಯರು ಧಾರವಾಡದಲ್ಲಿ ಕೂತು ಬರೆದವರು. ಅಂಥವರಿಗೆ ಭಾಗದ ಹೆಸರು ಇಡಿಯ ಹೆಸರಾದದ್ದು ಹೇಗನ್ನಿಸಿರಬೇಡ! ಹಳೆ ಮೈಸೂರಿನವರಿಗೂ ತಮ್ಮ ಕಾರಣಗಳಿದ್ದವು. ಆ ಹೆಸರಿಗೆ ಒಂದು ಆಡಳಿತದ ಘನತೆ ಇತ್ತು, ನೆನಪಿತ್ತು, ಕಟ್ಟೆ ಕಾಲುವೆ ಕಾರ್ಖಾನೆಗಳಿದ್ದವು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಿಂದ, ರಾಜ್ಯ ಕರ್ನಾಟಕವಾಯಿತು. ಹದಿನೇಳು ವರ್ಷ ಒಂದು ಮನೆಯವರು ಪಕ್ಕದ ಕೋಣೆಯ ಹೆಸರಿನಲ್ಲಿ ಕಾಗದ ಪತ್ರ ಪಡೆದ ಹಾಗೆ ಬದುಕಿದ್ದರು.

ಹೆಸರಿನಿಂದ ಎಲೆಗೆ ಅನ್ನ ಬೀಳುವುದಿಲ್ಲ ಎಂಬ ಮಾತು ನಿಜ. ಆದರೂ ತಮಿಳುನಾಡಿನ ಶಂಕರಲಿಂಗನಾರ್ ಇತರ ಬೇಡಿಕೆಗಳ ಜೊತೆಗೆ ತಮ್ಮ ನಾಡಿಗೆ ಆ ಹೆಸರೇ ಬೇಕೆಂದು 1956ರಲ್ಲಿ 76 ದಿನ ಉಪವಾಸ ಕೂತು ಪ್ರಾಣ ಬಿಟ್ಟರು. ಮದ್ರಾಸ್ ರಾಜ್ಯ ತಮಿಳುನಾಡಾದದ್ದು 1969ರ ಜನವರಿಯಲ್ಲಿ. ಅದನ್ನು ಮಾಡಿಸಿದ ಅಣ್ಣಾದುರೈ ಮರುತಿಂಗಳೇ ತೀರಿಕೊಂಡರು. ಇದನ್ನು ಹುಚ್ಚು ಎಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ತನ್ನನ್ನು ತಾನು ಕರೆದುಕೊಳ್ಳುವ ಹಕ್ಕು ಇಲ್ಲದವನಿಗೆ ಉಳಿದ ಹಕ್ಕುಗಳನ್ನು ಯಾರ ಹೆಸರಿನಲ್ಲಿ ಕೇಳಬೇಕು ಎಂಬ ಗೊಂದಲ ಇದ್ದೇ ಇರುತ್ತದೆ.

ಆದರೆ ನಮ್ಮ ಸಂವಿಧಾನ ಈ ಹಕ್ಕನ್ನು ರಾಜ್ಯಗಳ ಕೈಗೆ ಕೊಟ್ಟಿಲ್ಲ. ಮೂರನೆಯ ವಿಧಿಯ ಪ್ರಕಾರ ರಾಜ್ಯದ ಹೆಸರು ಬದಲಿಸುವ ಅಧಿಕಾರ ಸಂಸತ್ತಿನದು. ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಅದರಂತೆ ನಡೆಯಲೇಬೇಕೆಂದಿಲ್ಲ. ಪಶ್ಚಿಮ ಬಂಗಾಳದ ವಿಧಾನಸಭೆ 2018ರಲ್ಲಿ 'ಬಾಂಗ್ಲಾ' ಎಂದು ಒಪ್ಪಿ ಕಳಿಸಿದ್ದು ದೆಹಲಿಯ ಒಪ್ಪಿಗೆಗಾಗಿ ಕಾದು ಕೂತಿತು. ಮೇಘಾಲಯ ಎಂಬ ಸೊಗಸಾದ ಹೆಸರನ್ನೇ ನೋಡಿ. ಮೋಡಗಳ ಮನೆ! ಆದರೆ ಅಲ್ಲಿ ಮನೆ ಮಾಡಿಕೊಂಡಿರುವ ಖಾಸಿ, ಗಾರೊ ಜನರ ಭಾಷೆಯ ಪದವಲ್ಲ, ಸಂಸ್ಕೃತದ್ದು. ಹೆಸರಿಡುವುದು ಮಗುವಿಗಾದರೆ ಸರಿ, ಅದಕ್ಕಿನ್ನೂ ಮಾತು ಬಂದಿರುವುದಿಲ್ಲ.

ನಮ್ಮಲ್ಲೇ ಇನ್ನೊಂದು ಹೆಸರು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ನಿಜಾಮರ ಆಳ್ವಿಕೆಯ ಗುರುತು ಹೋಗಿ ಬಸವಣ್ಣನವರ ಕಲ್ಯಾಣದ ಗುರುತು ಬಂತು. ಹಳೆಯ ಹೆಸರು ನಡೆದುಹೋದದ್ದನ್ನು ಹೇಳುತ್ತಿತ್ತು; ಹೊಸದು ನಡೆಯಬೇಕಾದದ್ದನ್ನು ಹೇಳುತ್ತದೆ. ಕಲ್ಯಾಣ ಎಂದರೆ ಊರೂ ಹೌದು, ಒಳಿತೂ ಹೌದು, ಮೇಲು ಕೀಳಿಲ್ಲದ ಒಂದು ಸಮಾಜದ ಕನಸೂ ಹೌದು. ಆ ಭಾಗ ಹಿಂದುಳಿದಿದೆ ಎಂದು ಒಪ್ಪಿಕೊಂಡೇ ಸಂವಿಧಾನಕ್ಕೆ 371ಜೆ ವಿಧಿ ಸೇರಿಸಿದ್ದು. ಹಾಗಿದ್ದ ಮೇಲೆ ಈ ಹೆಸರು ಸಾಲಪತ್ರಕ್ಕೆ ಹಾಕಿದ ಸಹಿಯ ಹಾಗೆ. ಅಲ್ಲಿನ ಶಾಲೆಯಲ್ಲಿ ಮೇಷ್ಟರಿಲ್ಲದಿದ್ದರೆ, ದುಡಿಮೆ ಹುಡುಕಿ ಜನ ಗುಳೆ ಹೊರಟರೆ, ಈಗ ಮೊದಲಿಗಿಂತ ಒಂದು ತಪ್ಪು ಹೆಚ್ಚು ನಡೆದಂತೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂದು ನಮ್ಮ ಹಿರಿಯರು ನಕ್ಕದ್ದು ಬಡತನವನ್ನು ಕಂಡಲ್ಲ, ಬಡತನಕ್ಕೆ ಅಂಟಿಸಿದ ಹೆಸರನ್ನು ಕಂಡು.

ಇನ್ನು ಲಾಂಛನಗಳು. ಗಂಡಭೇರುಂಡದ ಬಗ್ಗೆ ನನಗೆ ಬಾಲ್ಯದಿಂದ ಪ್ರೀತಿ. ಬಳ್ಳಿಗಾವೆಯಲ್ಲಿ ಹನ್ನೊಂದನೆಯ ಶತಮಾನದ ಕಂಬದ ಮೇಲೆ ಅದು ನಿಂತಿದೆ. ಮೈಸೂರು ಅರಸರ ಗುರುತಾಗಿ, ಅಲ್ಲಿಂದ ಸರ್ಕಾರದ ಮುದ್ರೆಗೆ ಬಂದಿದೆ. ಅದರ ಎರಡು ಬದಿಗೆ ಸಿಂಹದ ಮೈ, ಆನೆಯ ತಲೆಯ ಕಾವಲುಗಾರರು. ಎರಡು ತಲೆಯ ಹಕ್ಕಿ, ಆನೆತಲೆಯ ಸಿಂಹ. ಇಲ್ಲದ ಪ್ರಾಣಿಗಳ ದೊಡ್ಡ ಅನುಕೂಲವೆಂದರೆ ಅವು ನಮ್ಮನ್ನು ಏನೂ ಕೇಳುವುದಿಲ್ಲ. ಗಂಡಭೇರುಂಡಕ್ಕೆ ಕಾಡು ಬೇಡ, ನೀರು ಬೇಡ, ಅದು ಯಾರ ಗದ್ದೆಗೂ ನುಗ್ಗುವುದಿಲ್ಲ, ಯಾರ ತಂತಿಗೂ ಸಿಕ್ಕಿ ಸಾಯುವುದಿಲ್ಲ. ಲೆಟರ್‌ಹೆಡ್ಡಿನ ಮೇಲೆ ಅದು ಸುಖವಾಗಿದೆ.

ಕಷ್ಟ ಶುರುವಾಗುವುದು ಉಸಿರಾಡುವ ಲಾಂಛನಗಳಲ್ಲಿ. ನೀಲಕಂಠವನ್ನೇ ನೋಡಿ. ಹೆಸರೇ ಸುಳ್ಳು, ಅದರ ಕಂಠ ನೀಲಿಯಲ್ಲ. ಕಂದು ಗಂಟಲಿನ ಮೇಲೆ ಬಿಳಿ ಗೀರುಗಳು. ನೀಲಿ ಇರುವುದು ನೆತ್ತಿಯಲ್ಲಿ, ಬಾಲದಲ್ಲಿ, ರೆಕ್ಕೆಯಲ್ಲಿ. ತಂತಿಯ ಮೇಲೆ ಮಂಕಾಗಿ ಕೂತದ್ದು ಹಾರಿದಾಗ ಒಮ್ಮೆಗೇ ಬೆಳಗುತ್ತದೆ. ವಿಷಕಂಠನ ಕತೆಯನ್ನು ಅದರ ಕೊರಳಿಗೆ ಕಟ್ಟಿದವರು ನಾವು. (ವಿಜ್ಞಾನಿಗಳೂ ಕಡಿಮೆಯಿಲ್ಲ. ಅವರಿಟ್ಟ ಹೆಸರಿನಲ್ಲಿ ಬಂಗಾಳವಿದೆ.) ಶಿವನ ಹಕ್ಕಿಯಾದ್ದರಿಂದ ದಸರಾ ದಿನ ಅದನ್ನು ನೋಡಿದರೆ ಶುಭವಂತೆ. ತೆಲಂಗಾಣಕ್ಕೂ ಅದೇ ರಾಜ್ಯಪಕ್ಷಿ, ಅಲ್ಲಿ ಪಾಲಪಿಟ್ಟ ಎನ್ನುತ್ತಾರೆ. ಹೊಲಕ್ಕೆ ಹೋಗಿ ಹುಡುಕಿ ನೋಡುವ ಪುರಸೊತ್ತು ಇಲ್ಲದವರಿಗಾಗಿ ಅದನ್ನು ಹಿಡಿದು, ಕಾಲು ಕಟ್ಟಿ, ಪಂಜರದಲ್ಲಿಟ್ಟು ಕಾಸಿಗೆ ದರ್ಶನ ಮಾಡಿಸುವವರಿದ್ದಾರೆ. ಹಾಗೆ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಗೌರವಿಸುವುದೂ ಹಿಂಸಿಸುವುದೂ ಇಲ್ಲಿ ಒಂದೇ ಕೆಲಸ. ಇತ್ತ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಈ ಹಕ್ಕಿಯ ಸಂಖ್ಯೆ ಶೇಕಡಾ 30ಕ್ಕಿಂತ ಹೆಚ್ಚು ಕುಸಿದಿರುವುದನ್ನು ಗುರುತಿಸಿದೆ. ಹುಳುಹುಪ್ಪಟೆ ತಿಂದು ರೈತನಿಗೆ ನೆರವಾಗುವ ಹಕ್ಕಿ ಅದು.

ಶ್ರೀಗಂಧದ ಕತೆ ಇನ್ನೂ ವಿಚಿತ್ರ. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಅಂದರೆ ಯಾರ ನೆಲದಲ್ಲಿ ಹುಟ್ಟಿದರೂ ಮರ ಅರಸನದು. ಅರಸರು ಹೋಗಿ ಸರ್ಕಾರ ಬಂದರೂ ಆ ಪದ್ಧತಿ ಎರಡು ಶತಮಾನ ನಡೆಯಿತು. ಹಿತ್ತಲಲ್ಲಿ ಮರವಿದ್ದವನಿಗೆ ಅದನ್ನು ಮುಟ್ಟುವ ಹಾಗಿಲ್ಲ, ಕಳುವಾದರೆ ಮಾತ್ರ ವಿಚಾರಣೆ ಅವನಿಗೆ. ಹಾಗಾಗಿ ಬುದ್ಧಿವಂತ ರೈತ ಏನು ಮಾಡಿದ? ಬೇಲಿಯಲ್ಲಿ ಗಂಧದ ಸಸಿ ಕಂಡರೆ ಎರಡೆಲೆ ಬಿಡುವಷ್ಟರಲ್ಲೇ ಕಿತ್ತೆಸೆದ. ಹಕ್ಕಿಗಳು ಹಣ್ಣು ತಿಂದು ಪುಕ್ಕಟೆಯಾಗಿ ಬಿತ್ತಿಹೋದ ಸಂಪತ್ತನ್ನು ನಾಡಿನವರೇ ಹೆದರಿ ಕೀಳುವಂತಾಯಿತು. ಅತಿಯಾದ ಮರ್ಯಾದೆಯೇ ಅದಕ್ಕೆ ಮುಳುವಾಯಿತು ಎನ್ನಬಹುದು. ಈ ಮರದ ಸ್ವಭಾವವೇ ಒಂದು ಪಾಠದಂತಿದೆ. ಅದು ಒಂಟಿಯಾಗಿ ಬಾಳಲಾರದು. ಅಕ್ಕಪಕ್ಕದ ಗಿಡಗಳ ಬೇರಿಗೆ ಬೇರು ಚಾಚಿ ಆಹಾರ ಪಡೆಯುತ್ತದೆ. ಅಂಥ ಮರವನ್ನು ಅಕ್ಕಪಕ್ಕದವರಿಂದ ಬೇರ್ಪಡಿಸಿ ಸಿಂಹಾಸನದ ಮೇಲೆ ಕೂರಿಸಿದೆವು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರಲ್ಲೇ 'ಗಂಧದ ಗುಡಿ' ಸಿನಿಮಾ ಬಂತು, ರಾಜಕುಮಾರ್ ಅದರಲ್ಲಿ ಕಾಡು ಕಾಯುವ ಅಧಿಕಾರಿ. ನಾಡಿಗೇ ಆ ಹೆಸರು ಅಂಟಿಕೊಂಡಿತು. ಇಪ್ಪತ್ತೇಳು ವರ್ಷದ ಮೇಲೆ, 2000ದಲ್ಲಿ, ಅದೇ ರಾಜಕುಮಾರ್ ಅವರನ್ನು ಗಂಧದ ಕಳ್ಳಸಾಗಣೆಯ ವೀರಪ್ಪನ್ ಅಪಹರಿಸಿ 108 ದಿನ ಕಾಡಿನಲ್ಲಿಟ್ಟುಕೊಂಡ. ಕತೆಗಾರ ಬರೆದಿದ್ದರೆ ಇದು ಅತಿಯಾಯಿತು ಎನ್ನುತ್ತಿದ್ದೆವು. ಅದರ ಮರುವರ್ಷ, 2001ರಲ್ಲಿ, ಕಾಯ್ದೆ ತಿದ್ದುಪಡಿಯಾಗಿ ನೆಲದವನೇ ಮರದ ಒಡೆಯನಾದ. ಅಲ್ಲಿಂದೀಚೆಗೆ ರೈತರು ಗಂಧ ನೆಡುತ್ತಿದ್ದಾರೆ, ಕಳ್ಳರ ಭಯದಲ್ಲಿ ಬೇಲಿ, ನಾಯಿ, ಕ್ಯಾಮೆರಾ ಇಟ್ಟು ಕಾಯುತ್ತಿದ್ದಾರೆ. ಲಾಂಛನವೆಂಬ ಪಟ್ಟದಿಂದ ಉಳಿಯದ್ದು ನನ್ನದೆಂಬ ಮಮತೆಯಿಂದ ಉಳಿದೀತೇ? ಮಮತೆಯಲ್ಲಿ ಲಾಭದ ಲೆಕ್ಕವೂ ಸೇರಿರುವುದು ನನಗೆ ಅಸಹ್ಯವಾಗಿ ಕಾಣುವುದಿಲ್ಲ.

ಆನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ದಿನಪತ್ರಿಕೆ ಓದುವವರಿಗೆ ಗೊತ್ತು. ದೇಶದಲ್ಲೇ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು, 2023ರ ಗಣತಿಯಲ್ಲಿ 6,395. ಸಕಲೇಶಪುರ, ಆಲೂರು, ಕೊಡಗಿನ ತೋಟದವರಿಗೆ ಅದು ಲಾಂಛನವಲ್ಲ, ಬೆಳಗಿನ ಜಾವ ತೋಟಕ್ಕೆ ಹೋದ ಆಳು ಮನೆಗೆ ಬರುತ್ತಾನೋ ಇಲ್ಲವೋ ಎಂಬ ಆತಂಕ. ಬೆಳೆ ಹೋದವನಿಗೆ ಬರುವ ಪರಿಹಾರದ ಕಾಗದದ ಮೇಲೆ ಮತ್ತದೇ ಗಂಡಭೇರುಂಡ, ಮತ್ತದೇ ಆನೆತಲೆಯ ಸಿಂಹ. ಎಂಟು ಬಾರಿ ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂಟಿಸಲಗದೊಂದಿಗೆ ಕಾದಾಡಿ ಸತ್ತ. ನಾಡೆಲ್ಲ ಅತ್ತಿತು. ಸತ್ತವನೂ ರಾಜ್ಯಪ್ರಾಣಿ, ಕೊಂದವನೂ ರಾಜ್ಯಪ್ರಾಣಿ, ಇಬ್ಬರನ್ನೂ ಎದುರಾಬದುರು ನಿಲ್ಲಿಸಿದವರು ನಾವು. ಒಬ್ಬನಿಗೆ ಹೆಸರಿಟ್ಟಿದ್ದೆವು ಎಂಬುದಷ್ಟೇ ವ್ಯತ್ಯಾಸ, ಕಣ್ಣೀರು ಆ ಹೆಸರಿನ ಹಿಂದೆ ಹೋಯಿತು.

ಗೆಳೆಯನೊಬ್ಬ ಇದಕ್ಕೆಲ್ಲ ಒಪ್ಪುವುದಿಲ್ಲ. 'ಸಂಕೇತ ಅಂದ್ರೆ ಸಂಕೇತ ಕಣಯ್ಯಾ. ನಾಲ್ಕು ಸೀಮೆಯ ಜನ ಒಂದು ಅನ್ನಿಸಲಿಕ್ಕೆ ಒಂದು ಗುರುತು ಬೇಕು, ಅಷ್ಟೇ. ಆ ಕೆಲಸ ಅದು ಮಾಡ್ತಿದೆ. ಹಕ್ಕಿ ಉಳಿಸೋದು ಅರಣ್ಯ ಇಲಾಖೆ ಕೆಲಸ, ಎರಡನ್ನೂ ಯಾಕೆ ಕಲಸ್ತೀಯ?' ಎನ್ನುತ್ತಾನೆ. ಅವನ ಮಾತಿನಲ್ಲಿ ಬಲವಿದೆ. ರಾಜ್ಯಪಕ್ಷಿಯಲ್ಲದ ಗುಬ್ಬಿ ಸತ್ತರೆ ಪರವಾಗಿಲ್ಲ ಎಂದು ನಾನೂ ಹೇಳಲಾರೆ. ಕಾನೂನು ಕೂಡ ಅವನ ಕಡೆಗೇ ಇದೆ. ಲಾಂಛನಗಳ ದುರ್ಬಳಕೆ ತಡೆಯಲು 1950ರ ಕಾಯ್ದೆಯಿದೆ, ಅದು ಕಾಯುವುದು ಚಿತ್ರವನ್ನು. ಜೀವವನ್ನು ಕಾಯುವುದು ಬೇರೆ ಕಾಯ್ದೆ, ಅದಕ್ಕೆ ಆ ಜೀವ ಲಾಂಛನವೋ ಅಲ್ಲವೋ ಬೇಕಿಲ್ಲ.

ಆದರೂ ಅವನ ವಾದ ನನಗೆ ಪೂರ್ತಿ ಇಳಿಯುವುದಿಲ್ಲ. ನಾವು ಆ ಜೀವದಿಂದ ಏನನ್ನೋ ಪಡೆದಿದ್ದೇವೆ. ಆನೆಯ ಗಾಂಭೀರ್ಯ, ಗಂಧದ ಪರಿಮಳ, ಹಕ್ಕಿಯ ಚೆಲುವು, ಇವನ್ನು ನಮ್ಮದೆಂದು ಹೇಳಿಕೊಂಡಿದ್ದೇವೆ. ಕೇಳಿ ಪಡೆಯಲಿಲ್ಲ, ಅವು ಕೊಡುತ್ತೇನೆಂದೂ ಹೇಳಲಿಲ್ಲ. ಕೇಳದೆ ತಂದ ಕಡವನ್ನು ಕನ್ನಡದಲ್ಲಿ ಕಡ ಎನ್ನುವುದಿಲ್ಲ, ಅದಕ್ಕೆ ಬೇರೆ ಮಾತಿದೆ.

ರಾಜಸ್ಥಾನ ಈ ಪ್ರಶ್ನೆಯನ್ನು ನಮಗಿಂತ ನಿಷ್ಠುರವಾಗಿ ಎದುರಿಸುತ್ತಿದೆ. ಅಲ್ಲಿನ ರಾಜ್ಯಪಕ್ಷಿ ಗೋಡಾವಣ್, ಅಳಿವಿನ ಅಂಚಿಗೆ ಬಂದ ದೊಡ್ಡ ಹಕ್ಕಿ. ಸಲೀಂ ಅಲಿ ರಾಷ್ಟ್ರಪಕ್ಷಿಯಾಗಲಿ ಎಂದು ಬಯಸಿದ್ದು ಇದನ್ನೇ, 1963ರಲ್ಲಿ ಆದದ್ದು ನವಿಲು. ಈಗ ಮರುಭೂಮಿಯಲ್ಲಿ ಸೌರ ವಿದ್ಯುತ್ತಿನ ತಂತಿಗಳು ಹಬ್ಬಿವೆ. ಎದುರಿಗಿರುವುದನ್ನು ಚೆನ್ನಾಗಿ ಕಾಣಲಾರದ ಈ ಭಾರದ ಹಕ್ಕಿ ತಂತಿಗೆ ಡಿಕ್ಕಿ ಹೊಡೆದು ಸಾಯುತ್ತದೆ. ತಂತಿಯನ್ನು ನೆಲದಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ಮಾಡಿತು. ಅದೇ ಸೌರ ಘಟಕಗಳಿಗಾಗಿ ಕಡಿಯುತ್ತಿರುವುದು ಖೇಜ್ರಿಯನ್ನು, ಅಂದರೆ ನಮ್ಮ ಬನ್ನಿಯನ್ನು, ಅಲ್ಲಿನ ರಾಜ್ಯವೃಕ್ಷವನ್ನು. ಭೂಮಿಯ ಬಿಸಿ ತಗ್ಗಿಸಲು ಹೊರಟವರನ್ನು ದುಷ್ಟರೆನ್ನುವುದು ಹೇಗೆ? ಕಾವೇರಿಯ ಕರೆಂಟಿಗಷ್ಟೇ ನಿಲ್ಲದೆ ಪಾವಗಡದ ಬಿಸಿಲಿನ ಕರೆಂಟನ್ನೂ ಬಳಸುವ ನಾವು ಅದನ್ನು ಹೇಳಲು ಬಾಯಿ ತೆರೆಯುವುದು ಕಷ್ಟ.

1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅರಸನ ಆಳುಗಳು ಇದೇ ಮರ ಕಡಿಯಲು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರ ತಬ್ಬಿ ಪ್ರಾಣ ಕೊಟ್ಟಳು. ಅವಳ ಹಿಂದೆ ಒಟ್ಟು 363 ಜನ. ಆಗ ಖೇಜ್ರಿ ಯಾವ ರಾಜ್ಯದ ವೃಕ್ಷವೂ ಆಗಿರಲಿಲ್ಲ. ಹಸಿ ಮರ ಕಡಿಯುವುದಿಲ್ಲ ಎಂಬುದು ಜಾಂಭೋಜಿ ಹೇಳಿಕೊಟ್ಟ 29 ನಿಯಮಗಳಲ್ಲಿ ಒಂದು. ಅವರಿಗೆ ಅದು ವ್ರತ. ಬಿಕಾನೇರ್ ಕಡೆ ಈಗಲೂ ಮರಕ್ಕಾಗಿ ಧರಣಿ ಕೂರುವವರಲ್ಲಿ ಅವರೇ ಮುಂದು. ಗೆಜೆಟ್ಟಿನಲ್ಲಿ ಮರದ ಹೆಸರು ಬಂದದ್ದು ಅವರಿಗೆ ಹೊಸದೇನನ್ನೂ ಕೊಟ್ಟಂತೆ ಕಾಣುವುದಿಲ್ಲ.

ಗೋಡಾವಣ್ ನಮ್ಮಲ್ಲೂ ಇದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಉಳಿದಿವೆ. ಕನ್ನಡದಲ್ಲಿ ಅದಕ್ಕೆ ಎರೆಭೂತ ಎಂಬ ಹೆಸರಿದೆ. ಎರೆ ಎಂದರೆ ಕಪ್ಪು ಮಣ್ಣು. ಕರುನಾಡು ಎಂದರೆ ಕಪ್ಪು ಮಣ್ಣಿನ ನಾಡು ಎಂದು ಅರ್ಥ ಹೇಳುವವರಿದ್ದಾರೆ. ಹಾಗಾದರೆ ನಮ್ಮ ಹೆಸರೂ ಆ ಹಕ್ಕಿಯ ಹೆಸರೂ ಒಂದೇ ಮಣ್ಣಿನಿಂದ ಬಂದದ್ದು. ಗೈಡಿನ ಆ ಪುಟದಲ್ಲಿ ಅದು ಇಲ್ಲ.