ಲಸಿಕೆ ಬೇಡವೆನ್ನಲು ದೇವರ ಹೆಸರೇ?

ಮಗಳನ್ನು ಅಮೆರಿಕಕ್ಕೆ ಮದುವೆ ಮಾಡಿಕೊಟ್ಟ ಮನೆಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವೇನಲ್ಲ. ಮದುವೆಯ ಬಲಿಪೂಜೆ ಮುಗಿದು, ಊಟ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಕಾಗದಪತ್ರಗಳ ಕೆಲಸ ಶುರುವಾಗುತ್ತದೆ. ಮದುವೆಯ ಸರ್ಟಿಫಿಕೇಟು, ಜನನ ಪತ್ರ, ಪೊಲೀಸ್ ಸರ್ಟಿಫಿಕೇಟು, ಆಮೇಲೆ ವೈದ್ಯಕೀಯ ತಪಾಸಣೆ. ಇಲ್ಲಿಂದ ವೀಸಾ ಪಡೆದು ಹೋಗುವವರನ್ನು ಅಮೆರಿಕದ ದೂತಾವಾಸ ಗೊತ್ತುಮಾಡಿದ ವೈದ್ಯರು ನೋಡುತ್ತಾರೆ. ಓದಲೋ ಕೆಲಸಕ್ಕೋ ಮೊದಲೇ ಹೋಗಿದ್ದು, ಅಲ್ಲೇ ಮದುವೆಯಾಗಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರನ್ನು ಅಲ್ಲಿನ ಸರಕಾರ ಒಪ್ಪಿದ ವೈದ್ಯರು ನೋಡುತ್ತಾರೆ. ಎರಡೂ ಕಡೆ ಕೇಳುವ ಪ್ರಶ್ನೆ ಒಂದೇ: ಯಾವ ಯಾವ ಲಸಿಕೆ ಹಾಕಿಸಿಕೊಂಡಿದ್ದೀರಿ, ದಾಖಲೆ ಎಲ್ಲಿದೆ?

ಇದು 1996ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನು. ಮಂಗನಬಾವು, ದಡಾರ, ರುಬೆಲ್ಲಾ, ಪೋಲಿಯೋ, ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ ಮುಂತಾದವುಗಳ ಹೆಸರು ಕಾನೂನಿನಲ್ಲಿಯೇ ಇದೆ. ಉಳಿದವು ಪಟ್ಟಿಗೆ ಸೇರುತ್ತವೆ, ಬಿಟ್ಟುಹೋಗುತ್ತವೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 2008ರಲ್ಲಿ ಹೆಣ್ಣುಮಕ್ಕಳಿಗೆ ಕಡ್ಡಾಯ ಮಾಡಿ 2009ರ ಡಿಸೆಂಬರಿನಲ್ಲಿ ಕೈಬಿಟ್ಟರು. ಕೋವಿಡ್ ಲಸಿಕೆ 2021ರ ಅಕ್ಟೋಬರಿನಲ್ಲಿ ಸೇರಿತು, 2025ರ ಜನವರಿಯಲ್ಲಿ ಹೋಯಿತು. ಅದೇ ಕಾನೂನು ವಿನಾಯಿತಿಗೂ ಒಂದು ಬಾಗಿಲು ಇಟ್ಟಿದೆ. ಧಾರ್ಮಿಕ ನಂಬಿಕೆಯಿಂದಲೋ ನೈತಿಕ ನಿಲುವಿನಿಂದಲೋ ಲಸಿಕೆಯನ್ನು ಒಪ್ಪದವರು ಪ್ರತ್ಯೇಕ ಅರ್ಜಿ ಹಾಕಿ, ಸಾವಿರ ಡಾಲರ್ ಮೀರುವ ಶುಲ್ಕ ಕಟ್ಟಿ, ವಿನಾಯಿತಿ ಕೇಳಬಹುದು.

ಬಾಗಿಲು ಇದೆ ಎಂದ ಮೇಲೆ ಸಲಹೆ ಕೊಡುವವರೂ ಇರುತ್ತಾರೆ. "ನೀನು ಕಥೋಲಿಕಳಲ್ಲವೇ? ಧಾರ್ಮಿಕ ಕಾರಣ ಎಂದು ಬರೆದುಬಿಡು, ನಿಮ್ಮ ಸ್ವಾಮಿಯವರ ಹತ್ತಿರ ಒಂದು ಕಾಗದ ತರಿಸಿಕೋ" ಎಂದು ಹೇಳುವವರು ಕೆಟ್ಟವರೇನಲ್ಲ. ಮಗಳು ಆದಷ್ಟು ಬೇಗ ಗಂಡನ ಜೊತೆ ಸೇರಲಿ ಎಂಬ ಅವಸರ ಅವರದು. ಆದರೆ ಈ ಸುಲಭದ ಮಾತಿನೊಳಗೆ ದೊಡ್ಡದೊಂದು ಪ್ರಶ್ನೆ ಕುಳಿತಿದೆ. ಕಥೋಲಿಕಳಾದ ಕಾರಣಕ್ಕೆ ನನಗೆ ಲಸಿಕೆ ಬೇಡ ಎಂದು ಒಬ್ಬ ವಿಶ್ವಾಸಿ ಪ್ರಮಾಣ ಮಾಡಿ ಹೇಳಬಹುದೇ?

ಪ್ರಿಯ ಓದುಗರೇ, ಮೊದಲು ಆ ಅರ್ಜಿ ಏನು ಕೇಳುತ್ತದೆ ಎಂಬುದನ್ನು ಗಮನಿಸಿ. ವಲಸೆ ಇಲಾಖೆಯ ಅಧಿಕಾರಿ ಮೂರು ಸಂಗತಿ ನೋಡುತ್ತಾನೆ. ಅರ್ಜಿದಾರಳ ವಿರೋಧ ಲಸಿಕೆಯೆಂಬುದಕ್ಕೇ ಇರಬೇಕು, ಯಾವುದೋ ಒಂದೆರಡಕ್ಕಲ್ಲ. ಆ ವಿರೋಧ ಧಾರ್ಮಿಕ ನಂಬಿಕೆ ಅಥವಾ ನೈತಿಕ ನಿಲುವಿನಿಂದ ಹುಟ್ಟಿರಬೇಕು. ಅದು ಪ್ರಾಮಾಣಿಕವಾಗಿರಬೇಕು. ಅರ್ಜಿದಾರಳು ಇಂಥದೇ ಧರ್ಮಕ್ಕೆ ಸೇರಿರಬೇಕೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೇಳಿದ ನಂಬಿಕೆ ನಿಜವಾಗಿ ಇದೆಯೇ, ಅದರಂತೆ ಆಕೆ ನಡೆದುಕೊಂಡಿದ್ದಾಳೆಯೇ ಎಂಬುದೇ ಮುಖ್ಯ. ಚಿಕ್ಕಂದಿನಲ್ಲಿ ಲಸಿಕೆ ಹಾಕಿಸಿದ್ದ ಮಾತ್ರಕ್ಕೆ ಅರ್ಜಿಯನ್ನು ತಳ್ಳಿಹಾಕುವುದಿಲ್ಲ; ನಂಬಿಕೆ ನಂತರ ಬದಲಾಗಿದ್ದರೆ ಹೇಗೆ ಬದಲಾಯಿತೆಂದು ವಿವರಿಸಬಹುದು. ಇಷ್ಟೆಲ್ಲ ಬರೆದ ಕೆಳಗೆ, ಸುಳ್ಳಾದರೆ ಶಿಕ್ಷೆಗೆ ಒಳಗಾಗುತ್ತೇನೆಂಬ ಒಪ್ಪಿಗೆಯೊಂದಿಗೆ ಸಹಿ ಹಾಕಬೇಕು.

ಧರ್ಮಸಭೆಯ ಬೋಧನೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಎಲ್ಲ ಲಸಿಕೆಗಳೂ ಪಾಪವೆಂದು ಧರ್ಮಸಭೆ ಎಂದೂ ಹೇಳಿಲ್ಲ. ಧನುರ್ವಾಯು, ಗಂಟಲಮಾರಿಯ ಲಸಿಕೆಗಳು ಬ್ಯಾಕ್ಟೀರಿಯಾದಿಂದ ತಯಾರಾಗುತ್ತವೆ. ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯವಾಗಿ ಯೀಸ್ಟ್ ಬಳಸಿ ಮಾಡುತ್ತಾರೆ. ಇವುಗಳಲ್ಲಿ ಕಥೋಲಿಕರು ತಕರಾರು ತೆಗೆಯುವಂಥದ್ದೇನೂ ಇಲ್ಲ. ನಮ್ಮವರ ಮನಸ್ಸನ್ನು ನಿಜವಾಗಿ ಕಲಕುವುದು ರುಬೆಲ್ಲಾ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳು. 1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ಒಂದು, ಬ್ರಿಟನ್ನಿನಲ್ಲಿ ಒಂದು, ಹೀಗೆ ಗರ್ಭಪಾತಕ್ಕೆ ಬಲಿಯಾದ ಎರಡು ಶಿಶುಗಳ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಆ ಕೋಶಗಳ ಸಂತತಿಯಲ್ಲಿಯೇ ಈ ಲಸಿಕೆಗಳ ವೈರಾಣುವನ್ನು ಇಂದಿಗೂ ಬೆಳೆಸುತ್ತಾರೆ. ರುಬೆಲ್ಲಾ ಲಸಿಕೆಯ ವೈರಾಣುವನ್ನೂ, ಸೋಂಕು ತಗುಲಿದ ತಾಯಿಯೊಬ್ಬಳ ಗರ್ಭಪಾತವಾದ ಶಿಶುವಿನಿಂದಲೇ ತೆಗೆದದ್ದು. ಇದನ್ನು ಕೇಳಿ ಮನಸ್ಸು ಹಿಂಜರಿದರೆ ಅದು ಅಜ್ಞಾನವಲ್ಲ, ಒಳ್ಳೆಯ ಮನಸ್ಸಿನ ಲಕ್ಷಣ.

ಧರ್ಮಸಭೆ ಈ ಹಿಂಜರಿಕೆಯನ್ನು ಬದಿಗೆ ತಳ್ಳಲಿಲ್ಲ. 2005ರಲ್ಲಿ ವ್ಯಾಟಿಕನ್ನಿನ ಜೀವಪರ ಪಾಂಟಿಫಿಕಲ್ ಅಕಾಡೆಮಿ, 2008ರಲ್ಲಿ 'ದಿಗ್ನಿತಾಸ್ ಪೆರ್ಸೋನೆ' ಎಂಬ ದಾಖಲೆ, 2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಗಳ ಕುರಿತು ವಿಶ್ವಾಸ ಬೋಧನೆಯ ಹೊಣೆ ಹೊತ್ತ ಪೀಠದ ಟಿಪ್ಪಣಿ, ಮೂರೂ ಈ ವಿಷಯವನ್ನು ಕೈಗೆತ್ತಿಕೊಂಡವು. ಅವುಗಳ ಸಾರ ಇಷ್ಟು: ಗರ್ಭಪಾತ ಘೋರ ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆ ಲಸಿಕೆ ಸಿಗದಿರುವಾಗ, ರೋಗದ ಅಪಾಯ ನಿಜವಾಗಿರುವಾಗ ಈ ಲಸಿಕೆ ತೆಗೆದುಕೊಳ್ಳುವ ತಾಯಿ ಆ ಪಾಪದಲ್ಲಿ ಪಾಲುದಾರಳಲ್ಲ. ಆಕೆಗೂ ಆ ಕೃತ್ಯಕ್ಕೂ ಇರುವ ನಂಟು ಬಹಳ ದೂರದ್ದು.

ಇದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಅರವತ್ತು ವರ್ಷದ ಹಿಂದೆ ಯಾರೋ ಒಬ್ಬ ವಿಧವೆಯ ಗದ್ದೆಯನ್ನು ಅನ್ಯಾಯದಿಂದ ಕಿತ್ತುಕೊಂಡು ಅದರ ನಡುವೆ ರಸ್ತೆ ಮಾಡಿಸಿದ ಎಂದಿಟ್ಟುಕೊಳ್ಳಿ. ಇಂದು ಊರಿನವರೆಲ್ಲ ಪೂಜೆಗೆ ಹೋಗುವುದು ಅದೇ ರಸ್ತೆಯಲ್ಲಿ. ನಡೆಯುವವನು ಕಳ್ಳನಾಗುವುದಿಲ್ಲ. ಆದರೆ ಆ ವಿಧವೆಗೆ ಅನ್ಯಾಯವೇ ಆಗಿಲ್ಲ ಎಂದು ಅವನು ಹೇಳಬಾರದು. ಬೇರೆ ದಾರಿ ಮಾಡಿಸಿ ಎಂದು ಪಂಚಾಯಿತಿಯಲ್ಲಿ ಕೇಳುವ ಬಾಯಿ ಅವನಿಗಿರಬೇಕು. ಲಸಿಕೆಯ ವಿಷಯದಲ್ಲೂ ಹಾಗೆಯೇ. ಜಪಾನಿನಲ್ಲಿ ಮೊಲದ ಮೂತ್ರಪಿಂಡದ ಕೋಶಗಳಲ್ಲಿ ರುಬೆಲ್ಲಾ ಲಸಿಕೆ ತಯಾರಿಸಿದ್ದಾರೆ. ಹಾಗಾಗಿ ಬೇರೆ ದಾರಿ ಅಸಾಧ್ಯವೆಂದೇನಲ್ಲ. ಕೇಳುತ್ತಲೇ ಇರಬೇಕೆಂದು 2005ರ ದಾಖಲೆಯೂ ಹೇಳಿತು. ನಾವು ಕೇಳಿದ್ದೇವೆಯೇ ಎಂಬುದು ಬೇರೆ ಮಾತು.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಮರೆಯಬಾರದು. 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಕುರುಡು, ಕಿವುಡು, ಹೃದಯದ ದೋಷ ಮೊದಲಾದ ತೊಂದರೆಗಳೊಂದಿಗೆ ಹುಟ್ಟಿದವು. ಸುಮಾರು 11,000 ಗರ್ಭಗಳು ಕಳೆದುಹೋದವು, ಅವುಗಳಲ್ಲಿ ಬೇಕೆಂದೇ ತೆಗೆಸಿದವೂ ಸೇರಿದ್ದವು. ಗರ್ಭಿಣಿಗೆ ಈ ರೋಗ ಬಂದಿತೆಂದರೆ ಮಗುವನ್ನು ತೆಗೆಸಿಬಿಡಿ ಎಂಬ ಸಲಹೆ ಆ ಕಾಲದಲ್ಲಿ ಬರುತ್ತಿತ್ತು. ಗರ್ಭಪಾತದ ನೆರಳಿನಿಂದ ಬಂದ ಲಸಿಕೆ ಎಷ್ಟೋ ಗರ್ಭಪಾತಗಳನ್ನು ತಡೆದಿದೆ. ಇದರಿಂದ ಮೂಲದ ತಪ್ಪು ಒಳ್ಳೆಯದಾಗುವುದಿಲ್ಲ. ಆದರೆ ಜೀವಪರ ನಿಲುವಿನಿಂದ ಲಸಿಕೆ ಬೇಡವೆನ್ನುವವಳು ಹುಟ್ಟಲಿರುವ ಆ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ ನಮ್ಮ ಮಕ್ಕಳು ಸಾಲಿನಲ್ಲಿ ನಿಂತು ಹಾಕಿಸಿಕೊಂಡದ್ದೂ ಇದೇ ಬಗೆಯ ಲಸಿಕೆಯನ್ನೇ. ಆಗ ಬಾರದ ಮನಸ್ಸಾಕ್ಷಿಯ ಪ್ರಶ್ನೆ ಗ್ರೀನ್ ಕಾರ್ಡಿನ ಅರ್ಜಿ ತುಂಬುವಾಗಲೇ ಏಕೆ ಬಂತೆಂದು ಅಧಿಕಾರಿ ಕೇಳುವ ಮೊದಲು ನಾವೇ ಕೇಳಿಕೊಳ್ಳಬೇಕಲ್ಲವೇ?

ಹಾಗಾದರೆ ನಿಜವಾದ ಸಂಕಟ ಯಾರದ್ದು? ಇಷ್ಟೆಲ್ಲ ತಿಳಿದ ಮೇಲೂ, ಪ್ರಾರ್ಥಿಸಿ ಯೋಚಿಸಿದ ಮೇಲೂ, ರುಬೆಲ್ಲಾ ಲಸಿಕೆಗೆ ಕೈ ಚಾಚಲಾರೆ ಎನ್ನುವ ಹೆಣ್ಣುಮಗಳದ್ದು. 2020ರ ಟಿಪ್ಪಣಿ ಆಕೆಗೂ ಜಾಗ ಬಿಟ್ಟಿದೆ. ಲಸಿಕೆ ಸಾಮಾನ್ಯವಾಗಿ ನೈತಿಕ ಕಡ್ಡಾಯವಲ್ಲ, ಸ್ವಇಚ್ಛೆಯದಾಗಿರಬೇಕು ಎಂದಿದೆ. ಬೇಡವೆನ್ನುವವರು ತಮ್ಮಿಂದ ಬೇರೆಯವರಿಗೆ ರೋಗ ಹರಡದಂತೆ ನೋಡಿಕೊಳ್ಳಬೇಕು ಎಂದೂ ಸೇರಿಸಿದೆ. ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಬಲವಂತಪಡಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಹೇಳಿತು. ಆದರೆ ಅಮೆರಿಕದ ಕಾನೂನಿನಲ್ಲಿ ಆಕೆಗೆ ಬಾಗಿಲಿಲ್ಲ. ಒಂದೆರಡು ಲಸಿಕೆಗೆ ಮಾತ್ರ ಆಕ್ಷೇಪವೆಂದರೆ ವಿನಾಯಿತಿ ಸಿಗದು. ಎಲ್ಲ ಲಸಿಕೆಗೂ ವಿರೋಧವೆಂದು ಬರೆದರೆ ಸಿಗಬಹುದು, ಆದರೆ ಅದು ಸುಳ್ಳು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ. ಹುಟ್ಟದ ಮಗುವಿನ ಗೌರವಕ್ಕಾಗಿ ಲಸಿಕೆ ಬೇಡವೆನ್ನುವವಳು ಅದೇ ಉಸಿರಿನಲ್ಲಿ ಸುಳ್ಳು ಪ್ರಮಾಣಕ್ಕೆ ಸಹಿ ಹಾಕುವಂತಿಲ್ಲ. ಧರ್ಮಸಭೆ ಅನುಮತಿಸಿದ ಲಸಿಕೆಯನ್ನು ತೆಗೆದುಕೊಂಡರೆ ಪಾಪವಿಲ್ಲ. ಧರ್ಮದ ಹೆಸರಿನಲ್ಲಿ ಸುಳ್ಳು ಹೇಳಿದರೆ ಪಾಪವಿದೆ. ಇದರಲ್ಲಿ ಎಂಟನೆಯ ಕಟ್ಟಳೆ ಮಾತ್ರವಲ್ಲ, ಎರಡನೆಯದೂ ಮುರಿಯುತ್ತದೆ. ದೇವರ ಹೆಸರನ್ನು ವ್ಯರ್ಥವಾಗಿ ಬಳಸುವುದೆಂದರೆ ಬೈಗುಳದಲ್ಲಿ ಬಳಸುವುದು ಮಾತ್ರ ಎಂದುಕೊಂಡಿದ್ದೇವೆ. ನಮಗೆ ಅನುಕೂಲವಾದ ಕಾರಣದ ಮೇಲೆ ಆತನ ಮುದ್ರೆ ಒತ್ತುವುದೂ ಅದೇ. ವಂಚನೆ ಹೊರಬಿದ್ದರೆ ಅಮೆರಿಕದ ಬಾಗಿಲು ಮುಚ್ಚಬಹುದು, ಅದು ಕಾನೂನಿನ ಭಯ. ಎಂದೂ ಹೊರಬೀಳದಿದ್ದರೂ ಆ ಸಹಿ ಆಕೆಯ ಮನಸ್ಸಿನಲ್ಲಿ ಉಳಿದೇ ಇರುತ್ತದೆ.

ಸುಳ್ಳು ಹೇಳಲಾರೆ, ಲಸಿಕೆಯನ್ನೂ ತೆಗೆದುಕೊಳ್ಳಲಾರೆ ಎನ್ನುವವಳು ಏನು ಮಾಡಬೇಕು? ಇದ್ದದ್ದನ್ನು ಇದ್ದ ಹಾಗೆ ಬರೆದು, ಬರುವ ಉತ್ತರವನ್ನು ಹೊರಬೇಕು. ಗ್ರೀನ್ ಕಾರ್ಡ್ ಸಿಗದೆ ಹೋಗಬಹುದು, ಗಂಡ ಹೆಂಡತಿ ಸಮುದ್ರದ ಎರಡು ದಡಗಳಲ್ಲಿ ವರ್ಷಗಟ್ಟಲೆ ಕಾಯಬೇಕಾಗಬಹುದು, ಅಥವಾ ಗಂಡ ಅಲ್ಲಿನ ಕೆಲಸ ಬಿಟ್ಟು ಬರಬೇಕಾಗಬಹುದು. ಇದು ಸಣ್ಣ ಶಿಲುಬೆಯಲ್ಲ. ಆದ್ದರಿಂದಲೇ ಈ ತೀರ್ಮಾನವನ್ನು ಒಬ್ಬಳೇ ತೆಗೆದುಕೊಳ್ಳಬಾರದು. ಗಂಡನಾದವನು "ಸುಮ್ಮನೆ ಸಹಿ ಹಾಕು" ಎಂದೂ ಹೇಳಬಾರದು, "ಇದೇನು ಹುಚ್ಚು, ಹೋಗಿ ಚುಚ್ಚಿಸಿಕೊಂಡು ಬಾ" ಎಂದೂ ಗದರಬಾರದು. ಮದುವೆಯ ಒಪ್ಪಂದ ನಿಂತಿರುವುದೇ ಇಬ್ಬರೂ ಬಲಿಪೀಠದ ಮುಂದೆ ಆಡಿದ ನಿಜವಾದ ಮಾತಿನ ಮೇಲೆ. ಆ ಮದುವೆಯ ಆಧಾರದ ಮೇಲೆ ಕೊಡುವ ಅರ್ಜಿಯಲ್ಲೇ ಮೊದಲ ಸುಳ್ಳು ಬರೆಸುವ ಗಂಡ, ಹೆಂಡತಿಗೆ ಏನನ್ನು ಕಲಿಸಿದಂತಾಯಿತು? ಇಲ್ಲಿರುವ ತಾಯ್ತಂದೆಯರೂ ಫೋನಿನಲ್ಲಿ ಅವಸರಪಡಿಸದಿದ್ದರೆ ಒಳ್ಳೆಯದು.

ಧಾರ್ಮಿಕ ಕಾರಣ ಹುಡುಕುವ ಹಲವರಿಗೆ ಅದರ ಅಗತ್ಯವೇ ಇರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗರ್ಭಿಣಿಯರಿಗೆ ದಡಾರ-ರುಬೆಲ್ಲಾ, ಸೀತಾಳೆ ಸಿಡುಬಿನ ಲಸಿಕೆಗಳನ್ನು ಹಾಕುವುದೇ ಇಲ್ಲ. ಅಲರ್ಜಿಯಂಥ ಕಾರಣದಿಂದ ಕೆಲವು ಲಸಿಕೆಗಳು ಕೆಲವರಿಗೆ ಆಗಿಬರುವುದಿಲ್ಲ. ಇಂಥದ್ದನ್ನು ತಪಾಸಣೆಯ ವೈದ್ಯರೇ ನಮೂನೆಯಲ್ಲಿ ಗುರುತಿಸುತ್ತಾರೆ. ಬೇರೆ ಅರ್ಜಿಯೂ ಇಲ್ಲ, ಶುಲ್ಕವೂ ಇಲ್ಲ. ಹಿಂದೆ ರೋಗ ಬಂದುಹೋಗಿದ್ದರೆ ಎಷ್ಟೋ ವೇಳೆ ರಕ್ತಪರೀಕ್ಷೆಯಿಂದ ತೋರಿಸಬಹುದು. ಸೂಜಿಯ ಭಯ, ಜ್ವರ ಬರುತ್ತದೆಂಬ ಅಳುಕು ಇದ್ದರೆ ವೈದ್ಯರೊಂದಿಗೆ ಬಿಚ್ಚಿ ಮಾತಾಡಬೇಕು. ಅದನ್ನು ವಿಶ್ವಾಸದ ಅಂಗಿ ತೊಡಿಸಿ ಕಳಿಸುವುದು ಬೇಡ.

ಕೊನೆಗೆ ಸ್ವಾಮಿಯವರ ಕಾಗದದ ವಿಷಯ. 2021ರಲ್ಲಿ ಕೋವಿಡ್ ಲಸಿಕೆಯ ಗಲಾಟೆಯಲ್ಲಿ ನ್ಯೂಯಾರ್ಕ್ ಮಹಾಧರ್ಮಪ್ರಾಂತ್ಯ, ಧಾರ್ಮಿಕ ವಿನಾಯಿತಿಯ ಪತ್ರ ಕೊಡಬೇಡಿ ಎಂದು ತನ್ನ ಗುರುಗಳಿಗೆ ತಿಳಿಸಿತು. ಲಸಿಕೆ ಹಾಕಿಸಿಕೊಳ್ಳುವುದು ಪ್ರೀತಿಯ ಕಾರ್ಯವೆಂದು ಜಗದ್ಗುರು ಫ್ರಾನ್ಸಿಸರು ಹೇಳಿದ್ದೂ ಅದೇ ವರ್ಷ. ಕೊಲೊರಾಡೊದ ಧರ್ಮಾಧ್ಯಕ್ಷರು ಮಾತ್ರ ಮನಸ್ಸಾಕ್ಷಿಯ ಹಕ್ಕನ್ನು ಮುಂದಿಟ್ಟು ಪತ್ರದ ಮಾದರಿಯನ್ನೇ ಒದಗಿಸಿದರು. ಒಂದೇ ಧರ್ಮಸಭೆಯ ಕುರುಬರು ಹೀಗೆ ಎರಡು ರೀತಿ ನಡೆದುಕೊಂಡರೆಂದು ಗಾಬರಿಯಾಗಬೇಕಿಲ್ಲ. ಮನಸ್ಸಾಕ್ಷಿಗೆ ಗೌರವವಿದೆ ಎಂಬುದು ಒಂದು ಮಾತು, ಧರ್ಮಸಭೆಯೇ ಲಸಿಕೆಯನ್ನು ನಿಷೇಧಿಸಿದೆ ಎಂಬುದು ಇನ್ನೊಂದು ಮಾತು. ಎರಡನೆಯದನ್ನು ಯಾವ ಗುರುವೂ ಬರೆದುಕೊಡಲಾರರು. ನಿಮ್ಮ ಮಗಳು ಜ್ಞಾನಸ್ನಾನ ಪಡೆದವಳು, ಈ ಧರ್ಮಕೇಂದ್ರದವಳು, ಇದನ್ನು ಕುರಿತು ತಮ್ಮೊಂದಿಗೆ ಮಾತಾಡಿದ್ದಾಳೆ ಎಂದು ಅವರು ಬರೆಯಬಹುದು. ಅದಕ್ಕಾಗಿ ಸಂಡಿಗೆ ಹಪ್ಪಳದ ಜೊತೆ ಪತ್ರವನ್ನೂ ಕಟ್ಟಿ ಕಳಿಸುವ ಅವಸರದಲ್ಲಿ ಹೋಗದೆ, ಮಗಳು ಊರಿಗೆ ಬಂದಾಗಲೋ ಫೋನಿನಲ್ಲೋ ಅವಳೇ ಸ್ವಾಮಿಯವರೊಂದಿಗೆ ಅರ್ಧ ಗಂಟೆ ಮಾತಾಡಲಿ. ಲಸಿಕೆ ಏಕೆ ಬೇಡ ಎಂಬ ಪುಟವನ್ನು ಅವಳೇ ಬರೆಯಬೇಕಾಗುತ್ತದೆ.